ಏಣಿಯ ಮೇಲೆ ಒಂದು ಹೆಬ್ಬೆರಳು: ಫೋಕಸ್ ಕೆಲಸಕ್ಕೆ ನಾನು ರಿಮೋಟ್ ಆರಿಸಿಕೊಂಡ ಬಗೆ

ರಂಗದ ದೀಪಗಳನ್ನು ವೇದಿಕೆಯ ಮೇಲಿನ ಅಡ್ಡ ಕೊಳವೆಗೆ, ಅಂದರೆ ಬಾರ್‌ಗೆ ಕಟ್ಟಿ ಫೋಕಸ್ ಮಾಡುವ, ಎಂದರೆ ಪ್ರತಿ ದೀಪದ ಬೆಳಕನ್ನು ಬೇಕಾದ ಜಾಗಕ್ಕೆ ಗುರಿಯಿಟ್ಟು ಬಿಗಿಸುವ ಕೆಲಸದಲ್ಲಿ ಮೊದಲ ಹಲವು ವರ್ಷ ನಾನು ಬಳಸಿದ ರಿಮೋಟ್ ನನ್ನ ಗಂಟಲೇ ಆಗಿತ್ತು. ಏಣಿಯ ತುದಿಯಿಂದ "ಎಪ್ಪತ್ತು ಕೊಡಿ" ಎಂದು ದೀಪದ ಸಂಖ್ಯೆ ಕೂಗಿದರೆ, ಸಭಾಂಗಣದ ಹಿಂಬದಿಯಲ್ಲಿ ದೀಪಗಳನ್ನು ನಡೆಸುವ ಕನ್ಸೋಲ್ ಮುಂದೆ ಕುಳಿತವರಿಗೆ ಅದು ಎಂಬತ್ತಾಗಿ ಕೇಳಿಸುತ್ತಿತ್ತು, ವೇದಿಕೆಯ ಮತ್ತೊಂದು ಮೂಲೆಯಲ್ಲಿ ಯಾವುದೋ ದೀಪ ಉರಿಯುತ್ತಿತ್ತು. ಕೊನೆಗೆ "ಏಳು, ಸೊನ್ನೆ" ಎಂದು ಅಂಕಿಗಳನ್ನು ಬಿಡಿಸಿ ಕೂಗುವ ರೂಢಿ ಮಾಡಿಕೊಂಡೆವು. ಆದರೆ ಕನ್ಸೋಲ್ ಮುಂದಿನವರು ಎರಡು ನಿಮಿಷ ಎದ್ದು ಹೋದರೂ ನಾನು ಬಾರ್ ಹಿಡಿದುಕೊಂಡು ಕತ್ತಲೆಯಲ್ಲಿ ಕಾಯಬೇಕಾಗಿತ್ತು. ತಂಡದಲ್ಲಿ ಜನ ಕಡಿಮೆಯಾಗಿ, ಫೋಕಸ್ ದಿನ ಇಬ್ಬರೇ ಉಳಿದ ಮೇಲೆ ರಿಮೋಟ್ ಇಲ್ಲದೆ ಕೆಲಸ ಸಾಗದು ಎಂಬುದು ಖಚಿತವಾಯಿತು.

ಹುಡುಕಲು ಹೊರಟಾಗ ನಾನು ಕೇಳಿಕೊಂಡ ಪ್ರಶ್ನೆಗಳೇ ತಪ್ಪಾಗಿದ್ದವು. ಎಷ್ಟು ದೂರ ತಲುಪುತ್ತದೆ, ಎಷ್ಟು ಚಾನೆಲ್ (ದೀಪಗಳ ನಿಯಂತ್ರಣ ಸಂಖ್ಯೆ) ನಿಭಾಯಿಸುತ್ತದೆ, ಕ್ಯೂಗಳನ್ನು (ನಾಟಕದ ಬೆಳಕಿನ ಬದಲಾವಣೆಗಳನ್ನು) ದಾಖಲಿಸಬಹುದೇ, ಬಣ್ಣದ ಚಕ್ರ ತೋರಿಸುತ್ತದೆಯೇ ಎಂದೆಲ್ಲ ನೋಡುತ್ತಿದ್ದೆನೇ ಹೊರತು, ಫೋಕಸ್ ಹೊತ್ತಿನಲ್ಲಿ ನನ್ನ ಕೈಗಳು ಏನು ಮಾಡುತ್ತಿರುತ್ತವೆ ಎಂಬುದನ್ನು ಯೋಚಿಸಿಯೇ ಇರಲಿಲ್ಲ. ಚೂಪು ಅಂಚಿನ ಬೆಳಕು ಕೊಡುವ ಒಂದು ಪ್ರೊಫೈಲ್ ಸ್ಪಾಟ್ ದೀಪವನ್ನೇ ತೆಗೆದುಕೊಳ್ಳೋಣ. ಕೆಳಗೆ ನಟ ನಿಲ್ಲುವ ಜಾಗದಲ್ಲಿ ಬೆಳಕಿನ ವಿನ್ಯಾಸಕರು ದೀಪಕ್ಕೆ ಬೆನ್ನು ಮಾಡಿ ನಿಂತು ತಮ್ಮ ನೆರಳನ್ನು ನೋಡುತ್ತಿರುತ್ತಾರೆ. ಮೇಲೆ ನನ್ನ ಎಡಗೈ ದೀಪದ ಮೈಯನ್ನು ಹಿಡಿದು ತಿರುಗಿಸುತ್ತಿರುತ್ತದೆ, ಬಲಗೈಯಲ್ಲಿ ಸ್ಪ್ಯಾನರ್ ಇರುತ್ತದೆ. ಬೆಳಕಿನ ನಡುಭಾಗ ಅವರ ತಲೆಯ ಮೇಲೆ ಸರಿಯಾಗಿ ಕುಳಿತಾಗ "ಗಟ್ಟಿ ಮಾಡಿ" ಎನ್ನುತ್ತಾರೆ. ಬೋಲ್ಟ್ ಬಿಗಿಸಿ, ಲೆನ್ಸ್ ಸರಿಸಿ ಅಂಚನ್ನು ಚೂಪು ಮಾಡಿ, ಬಿಸಿಯಾದ ನಾಲ್ಕು ಶಟರ್‌ಗಳನ್ನು ಒಂದೊಂದಾಗಿ ತಳ್ಳಿ ಪರದೆಯ ಮೇಲೆ ಚೆಲ್ಲುವ ಬೆಳಕನ್ನು ಕತ್ತರಿಸಬೇಕು. ಲೆನ್ಸ್ ಬಿಂಬವನ್ನು ತಲೆಕೆಳಗು ಮಾಡುವುದರಿಂದ ಮೇಲಿನ ಶಟರ್ ತಳ್ಳಿದರೆ ಬೆಳಕಿನ ಕೆಳ ಅಂಚು ಕತ್ತರಿಸುತ್ತದೆ. ಆ ಲೆಕ್ಕ ತಲೆಯಲ್ಲಿ ನಡೆದೇ ಇರುತ್ತದೆ. ಇಷ್ಟರ ನಡುವೆ ರಿಮೋಟ್‌ಗೆ ಸಿಗುವುದು ಒಂದು ಹೆಬ್ಬೆರಳು ಮತ್ತು ಒಂದು ಕ್ಷಣ. ಉರಿಯುತ್ತಿರುವ ದೀಪ ಆರಬೇಕು, ಪಕ್ಕದ್ದು ಹೊತ್ತಬೇಕು; ಹತ್ತರಲ್ಲಿ ಒಂಬತ್ತು ಸಲ ಬೇಕಾಗುವುದು ಇದಿಷ್ಟೇ.

ಇದು ಅರ್ಥವಾಗುವ ಮೊದಲೇ ನಾನು ಸುಲಭದ ದಾರಿ ಹಿಡಿದು, ಕೈಯಲ್ಲಿದ್ದ ಟ್ಯಾಬ್ಲೆಟ್‌ಗೆ ಒಂದು ಆ್ಯಪ್ ಹಾಕಿಕೊಂಡೆ. ನಮ್ಮ ವ್ಯವಸ್ಥೆಯಲ್ಲಿ ಕಂಪ್ಯೂಟರಿನ ಕನ್ಸೋಲ್ ಸಾಫ್ಟ್‌ವೇರ್ ಆರ್ಟ್‌ನೆಟ್ ಎಂಬ ನೆಟ್‌ವರ್ಕ್ ಭಾಷೆಯ ಮೂಲಕ ನೋಡ್ ಎಂಬ ಪೆಟ್ಟಿಗೆಗೆ ಸಂಕೇತ ಕಳಿಸುತ್ತದೆ, ನೋಡ್ ಅದನ್ನು ದೀಪದ ಉಪಕರಣಗಳಿಗೆ ಅರ್ಥವಾಗುವ ಡಿಎಂಎಕ್ಸ್ ಸಂಕೇತಕ್ಕೆ ಬದಲಿಸಿ 512 ಚಾನೆಲ್‌ಗಳ ಒಂದು ಗುಂಪನ್ನು (ಯೂನಿವರ್ಸ್) ದೀಪದ ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್‌ಗಳಿಗೆ ತಲುಪಿಸುತ್ತದೆ. ನಾನು ಹಾಕಿಕೊಂಡ ಆ್ಯಪ್ ಕನ್ಸೋಲನ್ನು ಕೇಳದೆ ತಾನೇ ನೇರವಾಗಿ ಆ ನೋಡ್‌ಗೆ ಆರ್ಟ್‌ನೆಟ್ ಕಳಿಸುವ ಜಾತಿಯದು. ಫೋಕಸ್ ಚೆನ್ನಾಗಿಯೇ ಮುಗಿಯಿತು, ನನಗೆ ಹೆಮ್ಮೆಯೂ ಆಯಿತು. ಆ ಸಂಜೆಯ ತಾಲೀಮಿನಲ್ಲಿ ಮೊದಲ ಬ್ಲಾಕ್‌ಔಟ್ ಬಂದಾಗ ಎಲ್ಲ ಆರಿ, ಎಡಬದಿಯ ಒಂದು ಫ್ರೆನೆಲ್ ದೀಪ ಮಾತ್ರ ಮಂಕಾಗಿ ಉರಿಯುತ್ತಲೇ ಇತ್ತು. ಕನ್ಸೋಲಿನ ಪರದೆಯಲ್ಲಿ 23ನೆಯ ಚಾನೆಲ್ ಸೊನ್ನೆ ಎಂದೇ ತೋರಿಸುತ್ತಿತ್ತು. ಕೇಬಲ್ ಬದಲಿಸಿದೆವು, ಡಿಮ್ಮರನ್ನು ಅನುಮಾನಿಸಿದೆವು, ಸುಮಾರು ಅರ್ಧ ಗಂಟೆ ಕಳೆದೆವು. ಕಡೆಗೆ ನೋಡಿದರೆ, ಸೈಡ್ ವಿಂಗ್ ಹಿಂದೆ ಚಾರ್ಜ್‌ಗೆ ಹಾಕಿದ್ದ ನನ್ನ ಟ್ಯಾಬ್ಲೆಟ್ ಆ್ಯಪನ್ನು ತೆರೆದೇ ಇಟ್ಟುಕೊಂಡು 23ನ್ನು ಶೇಕಡಾ 60ರಲ್ಲಿ ಕಳಿಸುತ್ತಲೇ ಇತ್ತು. ನೋಡ್ ಎರಡು ಮೂಲಗಳಿಂದ ಬಂದ ಬೆಲೆಗಳಲ್ಲಿ ದೊಡ್ಡದನ್ನು ಆಯ್ದುಕೊಳ್ಳುವಂತೆ ಹೊಂದಿಸಲ್ಪಟ್ಟಿತ್ತು. ಕನ್ಸೋಲಿನ ಸೊನ್ನೆಗಿಂತ ಟ್ಯಾಬ್ಲೆಟ್ಟಿನ 60 ದೊಡ್ಡದು.

ಆ ಸಂಜೆಯಿಂದ ನನ್ನ ಮೊದಲ ನಿಯಮ ಹುಟ್ಟಿತು: ರಿಮೋಟ್ ಕನ್ಸೋಲಿನ ಕೈಯಾಗಿರಬೇಕು, ಇನ್ನೊಂದು ಕನ್ಸೋಲ್ ಆಗಿರಬಾರದು. ಗುಂಡಿ ಒತ್ತಿದ ಸುದ್ದಿಯಷ್ಟೇ ಗಾಳಿಯಲ್ಲಿ ಹೋಗಿ, ದೀಪಗಳಿಗೆ ಸಂಕೇತ ಕಳಿಸುವ ಹೊಣೆ ಕನ್ಸೋಲಿನದೇ ಆಗಿದ್ದರೆ, ಸಂಪರ್ಕ ಕಡಿದಾಗ ದೀಪ ಇದ್ದಂತೆಯೇ ಇರುತ್ತದೆ. ಸಂಕೇತವೇ ಗಾಳಿಯಲ್ಲಿ ಹೋಗುವ ವ್ಯವಸ್ಥೆಯಲ್ಲಿ ಹಾಗಲ್ಲ. ಆರ್ಟ್‌ನೆಟ್‌ನಂಥದೇ ಇನ್ನೊಂದು ಭಾಷೆಯಾದ ಎಸ್‌ಎಸಿಎನ್ ಆದರೆ ಮೂಲದಿಂದ 2.5 ಸೆಕೆಂಡ್ ಸುದ್ದಿಯಿಲ್ಲದಿದ್ದರೆ ಅದು ಹೋಯಿತೆಂದೇ ಲೆಕ್ಕ, ಆಮೇಲೆ ಹಿಂದಿನ ಬೆಳಕನ್ನು ಹಿಡಿದಿಡುವುದೋ ಆರಿಸುವುದೋ ಎಂಬುದು ಪಡೆಯುವ ಉಪಕರಣದ ಹೊಂದಾಣಿಕೆಗೆ ಬಿಟ್ಟದ್ದು. ಏಣಿಯ ತುದಿಯಲ್ಲಿ, ಬಿಸಿ ದೀಪದ ಪಕ್ಕದಲ್ಲಿ, ದಿಢೀರನೆ ಕತ್ತಲಾಗುವುದನ್ನು ನಾನು ಯಾವ ಹೊಂದಾಣಿಕೆಗೂ ಬಿಡಲಾರೆ.

ಎರಡನೆಯ ಪ್ರಯತ್ನ ಕನ್ಸೋಲಿಗೆ ಆಜ್ಞೆ ಕೊಡುವ ಆ್ಯಪ್‌ಗಳದು. ಇಟಿಸಿ ಕಂಪನಿಯ ಇಯಾಸ್ ಕನ್ಸೋಲ್‌ಗಳಿಗೆ ಐಆರ್‌ಎಫ್‌ಆರ್, ಎಆರ್‌ಎಫ್‌ಆರ್ ಎಂಬ ಆ್ಯಪ್‌ಗಳಿವೆ. ಕ್ಯೂಎಲ್‌ಸಿ ಪ್ಲಸ್‌ನಂಥ ಉಚಿತ ಸಾಫ್ಟ್‌ವೇರನ್ನು ವೆಬ್ ಸೌಲಭ್ಯದೊಂದಿಗೆ ಚಾಲೂ ಮಾಡಿದರೆ ಫೋನಿನ ಬ್ರೌಸರಿನಲ್ಲೇ ಅದನ್ನು ನಡೆಸಬಹುದು. ತತ್ವದಲ್ಲಿ ಇವು ಸರಿಯಾದ ಜಾತಿಯವು. ತೊಂದರೆ ಬಂದದ್ದು ಫೋನಿನಿಂದ. ನಮ್ಮ ರೂಟರಿಗೆ ಇಂಟರ್ನೆಟ್ ಇಲ್ಲದಿರುವುದನ್ನು ಕಂಡ ಫೋನು, ನನಗೆ ಉಪಕಾರ ಮಾಡುತ್ತಿರುವಂತೆ, ಹೇಳದೆ ಕೇಳದೆ ಮೊಬೈಲ್ ಡೇಟಾಕ್ಕೆ ಜಿಗಿದುಬಿಡುತ್ತಿತ್ತು. ಏರೋಪ್ಲೇನ್ ಮೋಡ್ ಹಾಕಿ, ಆನಂತರ ವೈಫೈ ಮಾತ್ರ ತೆರೆದಾಗ ಅದು ನಿಂತಿತು, ಏಣಿಯ ಮೇಲೆ ಕರೆ ಬರುವುದೂ ನಿಂತಿತು. ಪರದೆ ತಾನಾಗಿ ಆರದಂತೆ ಮಾಡಿದೆ. ಆದರೆ ಗಾಜಿನ ಪರದೆಯ ಮೂಲ ದೋಷಕ್ಕೆ ಮದ್ದಿರಲಿಲ್ಲ: ಕೈಗವಸು ಹಾಕಿದರೆ ಅದು ಒತ್ತನ್ನು ಗುರುತಿಸುವುದಿಲ್ಲ, ಬೆವರಿದ ಬೆರಳಿಗೆ ಬೇರೆಯದೇ ಗುಂಡಿ ಒತ್ತುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಪ್ರತಿ ಸಲ ಅದನ್ನು ನೋಡಲೇಬೇಕು. ಕತ್ತಲೆಗೆ ಒಗ್ಗಿದ ಕಣ್ಣು ಹೊಳೆಯುವ ಪರದೆಯನ್ನು ನೋಡಿ ಮತ್ತೆ ವೇದಿಕೆಯತ್ತ ತಿರುಗಿದಾಗ ಬೆಳಕಿನ ಮಂದ ಅಂಚು ಕೆಲಕ್ಷಣ ಕಾಣುವುದೇ ಇಲ್ಲ. ಫೋಕಸ್ ಎಂದರೆ ಆ ಅಂಚನ್ನು ನೋಡುವ ಕೆಲಸ.

ಹೀಗಾಗಿ ಎರಡನೆಯ ನಿಯಮ: ನೋಡದೆ ಒತ್ತಬಹುದಾದ, ಎದ್ದು ನಿಂತ ಗುಂಡಿಗಳಿರಬೇಕು. ಇಟಿಸಿಯ ರೇಡಿಯೋ ಫೋಕಸ್ ರಿಮೋಟ್‌ನಂತೆ ಈ ಕೆಲಸಕ್ಕೆಂದೇ ಮಾಡಿದ ಕೈಯುಪಕರಣಗಳಿವೆ, ಒಮ್ಮೆ ಬೇರೆ ತಂಡದೊಂದಿಗೆ ಕೆಲಸ ಮಾಡುವಾಗ ಅಂಥದ್ದನ್ನು ಹಿಡಿದು ನೋಡಿದ್ದೇನೆ. ಆ ಕನ್ಸೋಲ್ ಇರುವವರು ಬೇರೇನನ್ನೂ ಹುಡುಕಬೇಕಾಗಿಲ್ಲ. ನಮ್ಮಲ್ಲಿ ಇದ್ದದ್ದು ಕಂಪ್ಯೂಟರ್, ಅದರ ಸಾಫ್ಟ್‌ವೇರ್ ಕೀಬೋರ್ಡಿನ ಗುಂಡಿಗಳಿಗೆ ಆಜ್ಞೆಗಳನ್ನು ಕಟ್ಟಲು ಬಿಡುತ್ತಿತ್ತು. ನಾನು ಕೊನೆಗೆ ಆರಿಸಿದ್ದು ಲೆಕ್ಕಪತ್ರ ಬರೆಯುವವರು ಬಳಸುವ ಪುಟ್ಟ ವೈರ್‌ಲೆಸ್ ನಂಬರ್ ಪ್ಯಾಡ್. ಅದರ 5ರ ಗುಂಡಿಯ ಮೇಲೆ ಬೆರಳಿಗೆ ಸಿಗುವ ಚಿಕ್ಕ ಉಬ್ಬಿದೆ, ಅಲ್ಲಿಂದ ಉಳಿದವು ತಾವಾಗಿ ಸಿಗುತ್ತವೆ. ಕೂಡುವ ಚಿಹ್ನೆಗೆ "ಮುಂದಿನ ದೀಪ", ಕಳೆಯುವ ಚಿಹ್ನೆಗೆ "ಹಿಂದಿನ ದೀಪ", ಗುಣಿಸುವ ಚಿಹ್ನೆಗೆ "ಪೂರ್ತಿ", ಭಾಗಿಸುವ ಚಿಹ್ನೆಗೆ "ಎಲ್ಲ ಅಳಿಸು" ಎಂದು ಕಟ್ಟಿದೆ.

ಅದೂ ಮೊದಲ ದಿನವೇ ಸಲೀಸಾಗಿ ನಡೆಯಲಿಲ್ಲ. ನಮ್ಮ್‌ಲಾಕ್ ಗುಂಡಿ ಅಕಸ್ಮಾತ್ ಒತ್ತಿಹೋದಾಗ ಅಂಕಿಗಳೆಲ್ಲ ಬಾಣದ ಗುಂಡಿಗಳಾಗಿ, ನಾನು ಒತ್ತಿದ್ದಕ್ಕೂ ಉರಿದದ್ದಕ್ಕೂ ಸಂಬಂಧವೇ ಇಲ್ಲದಂತಾಯಿತು. ಆ ಗುಂಡಿಯ ಟೊಪ್ಪಿಯನ್ನು ಕಿತ್ತು ಮೇಲೆ ಟೇಪ್ ಅಂಟಿಸಿದೆ. ಕೆಲ ಹೊತ್ತು ಸುಮ್ಮನಿದ್ದರೆ ಪ್ಯಾಡ್ ನಿದ್ದೆಗೆ ಜಾರುತ್ತದೆ, ಮೊದಲ ಒತ್ತು ಅದನ್ನು ಎಬ್ಬಿಸುವುದಕ್ಕೇ ಖರ್ಚಾಗುತ್ತದೆ. ಆದ್ದರಿಂದ ಅಂಕಿ ಒತ್ತುವ ಮುನ್ನ ಭಾಗಿಸುವ ಚಿಹ್ನೆಯನ್ನು ಎರಡು ಸಲ ಒತ್ತುವುದು ನನಗೆ ಈಗ ಅಭ್ಯಾಸ. ಕಂಪ್ಯೂಟರಿನಲ್ಲಿ ಅಪ್‌ಡೇಟ್ ಕೇಳುವ ಕಿಟಕಿಯೊಂದು ಎದುರಿಗೆ ಬಂದರೆ ಒತ್ತಿದ್ದೆಲ್ಲ ಅದರ ಪಾಲಾಗುತ್ತದೆ, ಹಾಗಾಗಿ ಫೋಕಸ್ ದಿನ ಆ ಕಂಪ್ಯೂಟರಿನಲ್ಲಿ ಬೇರೆ ಯಾವುದೂ ತೆರೆದಿರುವುದಿಲ್ಲ. ದೂರದ ವಿಷಯ ಹೇಳುವುದಾದರೆ, ಇಂಥ ಪ್ಯಾಡ್‌ಗಳು ನೆಚ್ಚಿಕೆಯಿಂದ ತಲುಪುವುದು ಹತ್ತು ಮೀಟರಿನ ಆಸುಪಾಸು ಮಾತ್ರ. ಕಂಪ್ಯೂಟರನ್ನೇ ಫೋಕಸ್ ಮುಗಿಯುವವರೆಗೆ ವೇದಿಕೆಯ ಮುಂದಿನ ಸಾಲಿಗೆ ತಂದು, ಯುಎಸ್‌ಬಿ ರಿಸೀವರನ್ನು 5 ಮೀಟರ್ ಕೇಬಲ್‌ನ ತುದಿಗೆ ಹಾಕಿ, ಒಂದು ಸ್ಟ್ಯಾಂಡಿನ ಮೇಲೆ ಎತ್ತರಕ್ಕೆ ಕಟ್ಟಿದೆ. ಸಾಮಾನ್ಯ ಯುಎಸ್‌ಬಿ ಕೇಬಲ್ ಅದಕ್ಕಿಂತ ಉದ್ದವಾದರೆ ನಂಬುವಂತಿಲ್ಲ.

ಪರೀಕ್ಷೆಯನ್ನು ಮಾತ್ರ ಕಟ್ಟುನಿಟ್ಟಾಗಿ ಮಾಡಿದೆ. ವೇದಿಕೆಯ ನಾಲ್ಕು ಮೂಲೆಗಳಲ್ಲಿ, ಅತಿ ಎತ್ತರದ ಬಾರ್‌ನ ಬಳಿ, ರಿಸೀವರಿಗೆ ಬೆನ್ನು ಮಾಡಿ, ಪ್ಯಾಡನ್ನು ಎದೆಗೆ ಅವುಚಿಕೊಂಡು "ಮುಂದಿನ ದೀಪ"ವನ್ನು 50 ಸಲ ಒತ್ತಿದೆ. ಮೈಯಲ್ಲಿರುವ ನೀರು 2.4 ಗಿಗಾಹರ್ಟ್ಸ್ ತರಂಗವನ್ನು ಹೀರುವುದರಿಂದ ನಮ್ಮ ದೇಹವೇ ದೊಡ್ಡ ಅಡ್ಡಿ. 50 ಒತ್ತಿಗೆ 50 ಹೆಜ್ಜೆ ಮುಂದೆ ಹೋಗಿದ್ದರೆ ಸರಿ. 49 ಹೋಗಿದ್ದರೆ ರಿಸೀವರಿನ ಜಾಗ ಬದಲಿಸಿ ಮತ್ತೆ ಮೊದಲಿನಿಂದ. ಒಂದೇ ಒಂದು ಒತ್ತು ತಪ್ಪಿದರೂ ನಾನು 31ನೆಯ ದೀಪವೆಂದು ತಿಳಿದು 30ನ್ನು ತಿರುಗಿಸುತ್ತಿರುತ್ತೇನೆ.

ಮೇಲೆ ಹೋಗುವ ಸ್ಪ್ಯಾನರಿನಂತೆ ಪ್ಯಾಡಿಗೂ ದಾರ ಕಟ್ಟಿದ್ದೇನೆ. 6 ಮೀಟರ್ ಎತ್ತರದಿಂದ ಜಾರಿದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 39 ಕಿಲೋಮೀಟರ್ ವೇಗದಲ್ಲಿರುತ್ತದೆ, ಕೆಳಗೆ ನಿಂತವರು ತಮ್ಮ ನೆರಳನ್ನು ನೋಡುತ್ತಿರುತ್ತಾರೆಯೇ ಹೊರತು ನನ್ನನ್ನಲ್ಲ. ಇನ್ನೊಂದು ಎಚ್ಚರವನ್ನು ಜೊತೆಗಾರರಿಗೆ ಪ್ರತಿ ಸಲ ಹೇಳುತ್ತೇನೆ: ರಿಮೋಟಿನಲ್ಲಿ ಸೊನ್ನೆ ಮಾಡಿದ ದೀಪ ವಿದ್ಯುತ್ತಿಲ್ಲದ ದೀಪವಲ್ಲ. ಡಿಮ್ಮರ್ ಸೊನ್ನೆಯಲ್ಲಿದ್ದರೂ ಅದರ ಹೊರದಾರಿಯಲ್ಲಿ ವೋಲ್ಟೇಜ್ ಉಳಿದಿರಬಹುದು, ಬಲ್ಬ್ ಬದಲಿಸುವ ಮುನ್ನ ಪ್ಲಗ್ ಕೀಳಲೇಬೇಕು.

ಒಂದು ಕೊರತೆ ಹಾಗೆಯೇ ಉಳಿದಿದೆ. ಎರಡು ಪಕ್ಕದ ದೀಪಗಳ ಬೆಳಕು ಕೂಡುವ ಜಾಗವನ್ನು ಹೊಂದಿಸುವಾಗ ಒಂದನ್ನು ಮೆಲ್ಲಗೆ ಇಳಿಸಿ ಏರಿಸಿ ನೋಡಬೇಕೆನ್ನಿಸುತ್ತದೆ. ಪ್ಯಾಡಿನಲ್ಲಿ ಅದಕ್ಕೆ ಚಕ್ರವಿಲ್ಲ, ಅಂಕಿ ಒತ್ತಿಯೇ ಬೆಲೆ ಕೊಡಬೇಕು. ಆಗ ಮಾತ್ರ ನಾನು ಈಗಲೂ ಕೆಳಗಿನವರನ್ನು ಕೂಗುತ್ತೇನೆ. ಫೋಕಸ್ ಮುಗಿದ ಕೂಡಲೇ ಪ್ಯಾಡಿನ ರಿಸೀವರನ್ನು ಕಿತ್ತು ನನ್ನ ಬೀಗದಕೈ ಗೊಂಚಲಿಗೆ ಸಿಕ್ಕಿಸಿಕೊಳ್ಳುತ್ತೇನೆ, ಆ 23ನೆಯ ಚಾನೆಲ್ ಇನ್ನೂ ಮರೆತಿಲ್ಲ.