ಗ್ಲಿಸರಿನ್‌ನಲ್ಲಿ ಗುಂಡು ಇಳಿಬಿಟ್ಟು ಸ್ನಿಗ್ಧತೆ ಅಳೆದ ಬಗೆ

ಗ್ಲಿಸರಿನ್ ಕರಗುವುದು 18 ಡಿಗ್ರಿಯಲ್ಲಿ. ಜನವರಿಯ ಬೆಳಗಿನ ಹೊತ್ತು ಹಾಸನದಲ್ಲಿ ಚಳಿ ಅದಕ್ಕಿಂತ ಕೆಳಗಿಳಿದರೂ ಲ್ಯಾಬಿನ ಕಪಾಟಿನಲ್ಲಿರುವ ಬಾಟಲಿ ಹೆಪ್ಪುಗಟ್ಟುವುದಿಲ್ಲ, ಬರೀ ಮಂದವಾಗುತ್ತದೆ. ಹೀಗೆ ಹರಳಾಗದೆ ತಣಿಯುತ್ತಾ ಹೋದರೆ ಸುಮಾರು 190 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 83 ಡಿಗ್ರಿಯಲ್ಲಿ, ಅದು ಗಾಜು, ಅಂದರೆ ಹರಳಿಲ್ಲದೆಯೇ ಗಟ್ಟಿಯಾದ ದ್ರವ. ಚಿಕ್ಕಿಯ ಪಾಕವನ್ನು ತಣ್ಣೀರಿಗೆ ಬಿಟ್ಟು ತಟ್ಟೆಗೆ ಬಡಿದಾಗ 'ಟಣ್' ಎನ್ನುತ್ತದಲ್ಲ, ಅದೂ ಇದೇ ಸ್ಥಿತಿ. ಅಣುಗಳು ಒತ್ತಡಕ್ಕೆ ಹೊಂದಿಕೊಂಡು ಸಡಿಲಗೊಳ್ಳಲು ಕೋಣೆಯ ಉಷ್ಣಾಂಶದಲ್ಲಿ ನ್ಯಾನೊಸೆಕೆಂಡಿನ ಆಸುಪಾಸು ಸಾಕು. ಗಾಜಾಗುವ ಹೊತ್ತಿಗೆ ಸುಮಾರು 100 ಸೆಕೆಂಡ್ ಬೇಕು. ಈ ಕಾಲ ಸ್ನಿಗ್ಧತೆಯ, ಅಂದರೆ ದ್ರವ ಹರಿಯಲು ಒಡ್ಡುವ ತಡೆಯ, ಜೊತೆಜೊತೆಗೇ ಏರುತ್ತದೆ. ಹಾಗಾಗಿ ದುಬಾರಿ ಉಪಕರಣವಿಲ್ಲದೆ, ಗುಂಡು ಬೀಳಿಸಿಯೇ ಈ ಏರಿಕೆಯ ಆರಂಭದ ಭಾಗವನ್ನು ನೋಡಬಹುದು.

ನಾವು ಬಳಸಿದ್ದು ಒಳವ್ಯಾಸ 36 ಮಿಲಿಮೀಟರ್ ಇರುವ ಅಳತೆ ಜಾಡಿ, 2 ಮತ್ತು 1 ಮಿಲಿಮೀಟರ್ ವ್ಯಾಸದ ಬೇರಿಂಗ್ ಗುಂಡುಗಳು, ನೀರಿನ ತೊಟ್ಟಿ, ಐಸ್. ಮೇಲೆ ಕೆಳಗೆ ಐದೈದು ಸೆಂಟಿಮೀಟರ್ ಬಿಟ್ಟು ನಡುವೆ 10 ಸೆಂಟಿಮೀಟರ್ ಗುರುತು ಹಾಕಿಕೊಳ್ಳಬೇಕು. ಗುಂಡನ್ನು ಮೊದಲೇ ಗ್ಲಿಸರಿನ್‌ನಲ್ಲಿ ಅದ್ದಿ, ಚಿಮಟಿಗೆಯಿಂದ ಮೇಲ್ಮೈಯ ಒಳಗೇ ಬಿಡಬೇಕು. ಒಣ ಗುಂಡಿಗೆ ಗುಳ್ಳೆ ಅಂಟಿ ಬಂದರೆ ಆ ಓದು ಕೆಟ್ಟಿತು.

2 ಮಿಲಿಮೀಟರ್ ಗುಂಡು 20 ಡಿಗ್ರಿಯಲ್ಲಿ ಆ 10 ಸೆಂಟಿಮೀಟರ್ ಇಳಿಯಲು ಸುಮಾರು 11 ಸೆಕೆಂಡ್ ತೆಗೆದುಕೊಳ್ಳುತ್ತದೆ. 0 ಡಿಗ್ರಿಯಲ್ಲಿ ಒಂದೂವರೆ ನಿಮಿಷಕ್ಕೂ ಹೆಚ್ಚು. 40 ಡಿಗ್ರಿಯಿಂದ ಮೇಲೆ 1 ಮಿಲಿಮೀಟರ್ ಗುಂಡೇ ಆಗಬೇಕು. ದೊಡ್ಡದು ವೇಗವಾಗಿ ಬಿದ್ದು, ಬೀಳುವ ವೇಗದಿಂದ ಸ್ನಿಗ್ಧತೆ ಲೆಕ್ಕ ಹಾಕಲು ನಾವು ಬಳಸುವ ಸ್ಟೋಕ್ಸ್ ನಿಯಮ ಹಿಡಿಯುವುದಿಲ್ಲ. 60 ಡಿಗ್ರಿಯಲ್ಲಿ ಚಿಕ್ಕ ಗುಂಡೂ ಎರಡೂವರೆ ಸೆಕೆಂಡಿನೊಳಗೇ ಇಳಿದುಬಿಡುತ್ತದೆ, ಸ್ಟಾಪ್‌ವಾಚ್ ಬಿಟ್ಟು ಮೊಬೈಲ್ ವಿಡಿಯೊದ ಫ್ರೇಮ್ ಎಣಿಸಿ. ಜಾಡಿಯ ಗೋಡೆ ಹತ್ತಿರವಿದ್ದು ಗುಂಡನ್ನು ನಿಧಾನಿಸುವುದರಿಂದ ಗೋಡೆಯ ತಿದ್ದುಪಡಿಯನ್ನೂ ಮರೆಯಬಾರದು: ಬಂದ ಸ್ನಿಗ್ಧತೆಯನ್ನು (1 − 2.1 × ಗುಂಡಿನ ವ್ಯಾಸ ÷ ಜಾಡಿಯ ವ್ಯಾಸ) ಇದರಿಂದ ಗುಣಿಸಿ. ಇಲ್ಲವಾದರೆ ದೊಡ್ಡ ಗುಂಡಿನ ಲೆಕ್ಕ ಶೇ 13ರಷ್ಟು ಹೆಚ್ಚು ಬರುತ್ತದೆ.

ನಿಜವಾದ ತೊಂದರೆ ಎರಡೇ: ಶಾಖ ಮತ್ತು ನೀರು. ತೊಟ್ಟಿಯ ಥರ್ಮಾಮೀಟರ್ 0 ತೋರಿಸಿದ ಮಾತ್ರಕ್ಕೆ ಜಾಡಿಯ ನಡುಭಾಗ 0 ಆಗಿರುವುದಿಲ್ಲ. ಈ ಅಗಲದ ಜಾಡಿ 20 ಡಿಗ್ರಿ ಇಳಿದು ನೆಲೆಗೊಳ್ಳಲು ಒಂದು ಗಂಟೆ ಬೇಕು. ಆತುರಪಟ್ಟರೆ ದಂಡ ಜೋರು, 0 ಡಿಗ್ರಿಯ ಹತ್ತಿರ ಒಂದು ಡಿಗ್ರಿ ತಪ್ಪಿದರೆ ಸ್ನಿಗ್ಧತೆ ಶೇ 11–12 ತಪ್ಪುತ್ತದೆ.

ನೀರಿನದು ಇನ್ನೂ ಕಷ್ಟ. ಗ್ಲಿಸರಿನ್ ಗಾಳಿಯ ತೇವ ಹೀರುತ್ತದೆ. ಸಕಲೇಶಪುರದ ಕಡೆಯಿಂದ ಜಡಿಮಳೆ ಹಿಡಿದ ದಿನಗಳಲ್ಲಂತೂ ಬಾಟಲಿ ತೆರೆದಿಡಲೇಬಾರದು. ಶುದ್ಧ ಗ್ಲಿಸರಿನ್‌ನ ಸ್ನಿಗ್ಧತೆ 20 ಡಿಗ್ರಿಯಲ್ಲಿ 1.41 ಪಾಸ್ಕಲ್-ಸೆಕೆಂಡ್, ತೂಕದಲ್ಲಿ ಶೇ 1 ನೀರು ಸೇರಿದರೆ 1.15, ಶೇ 5 ಸೇರಿದರೆ 0.52. ಎಷ್ಟು ನೀರು ಸೇರಿದೆ ಎಂಬುದನ್ನು ಸಾಂದ್ರತೆಯಿಂದ ತಿಳಿಯಬಹುದು. ಆದರೆ ಶೇ 1 ನೀರಿನ ವ್ಯತ್ಯಾಸ ಅದರ ಮೂರನೇ ದಶಮಾಂಶದಲ್ಲಷ್ಟೇ ಕಾಣುವುದರಿಂದ ಸಾಂದ್ರತೆಯ ಬಾಟಲಿಯನ್ನು (ನಿಗದಿತ ಗಾತ್ರದ ದ್ರವ ಹಿಡಿಯುವ ಬಾಟಲಿ) ಎಚ್ಚರದಿಂದ ತೂಗಬೇಕು. ತಣ್ಣಗಿನ ಜಾಡಿಯನ್ನು ಮುಚ್ಚಳವಿಲ್ಲದೆ ಬಿಟ್ಟರೆ ಮೇಲೆ ಇಬ್ಬನಿ ಕೂತು ತೆಳು ಪದರ ಕಟ್ಟುತ್ತದೆ. ಗುಂಡು ಮೇಲೆ ಸರ್ರನೆ ಜಾರಿ, ಕೆಳಗೆ ಬಂದು ಮೆಲ್ಲಗಾಗುತ್ತದೆ. ಬಾಯಿಗೆ ಪ್ಲಾಸ್ಟಿಕ್ ಹಾಳೆ, ರಬ್ಬರ್ ಬ್ಯಾಂಡ್ ಹಾಕಿಯೇ ಇರಿ.

ಇವೆರಡೂ ಹಿಡಿತಕ್ಕೆ ಬಂದರೆ ಬೇಕಾದದ್ದು ಕಣ್ಣಿಗೆ ಬೀಳುತ್ತದೆ. 60ರಿಂದ 40 ಡಿಗ್ರಿಗೆ ಇಳಿದಾಗ ಸ್ನಿಗ್ಧತೆ ಮೂರೂವರೆ ಪಟ್ಟು, 20ರಿಂದ 0ಗೆ ಎಂಟೂವರೆ ಪಟ್ಟು. ಸ್ನಿಗ್ಧತೆಯ ಏರಿಳಿತವನ್ನು ಒಂದೇ ಶಕ್ತಿ ತಡೆಯಿಂದ ವಿವರಿಸುವ ಅರೇನಿಯಸ್ ಸೂತ್ರದಲ್ಲಿ ಹಾಕಿದರೆ ಆ ತಡೆ (ಅಣುಗಳು ಸರಿಯಲು ದಾಟಬೇಕಾದ ಶಕ್ತಿ) ಮೋಲಿಗೆ ಸುಮಾರು 54 ಕಿಲೋಜೌಲ್‌ನಿಂದ 71ಕ್ಕೆ ಏರುತ್ತದೆ. ತಡೆ ಒಂದೇ ಆಗಿದ್ದರೆ ಗ್ರಾಫಿನಲ್ಲಿ ಬರಬೇಕಿದ್ದ ಸರಳರೇಖೆ ಬಾಗಿತು, ತಣಿದಷ್ಟೂ ಸಡಿಲಿಕೆ ತಾನೇ ಕಠಿಣವಾಗುತ್ತಿದೆ ಎಂದರ್ಥ.

ಈ ಬಾಗಿಗೆ ಮೂರು ಸ್ಥಿರಾಂಕಗಳಿರುವ ವೋಗೆಲ್–ಫುಲ್ಚರ್–ಟಾಮನ್ ಸಮೀಕರಣ ಚೆನ್ನಾಗಿ ಕೂರುತ್ತದೆ. ಆದರೆ ಕೇವಲ 0–60 ಡಿಗ್ರಿಯ ಬಿಂದುಗಳಿಂದ ಗಾಜಾಗುವ ಉಷ್ಣಾಂಶ ಲೆಕ್ಕ ಹಾಕಬೇಡಿ. ಆ ಮೂರು ಸ್ಥಿರಾಂಕಗಳು ಒಂದರ ತಪ್ಪನ್ನು ಇನ್ನೊಂದು ಮುಚ್ಚಿಕೊಳ್ಳುತ್ತವೆ. ಒಂದು ಬಿಂದು ತೆಗೆದರೂ ಉತ್ತರ ಹತ್ತಾರು ಕೆಲ್ವಿನ್ ಓಲಾಡಬಹುದು. ನಾವು 190 ಕೆಲ್ವಿನ್, 10¹² ಪಾಸ್ಕಲ್-ಸೆಕೆಂಡ್ ಎಂಬ ಗಾಜಾಗುವ ಬಿಂದುವನ್ನು ಬೇರೆ ಬಣ್ಣದಲ್ಲಿ ಗುರುತಿಸಿ, 'ಇದು ನಾವು ಅಳೆದದ್ದಲ್ಲ' ಎಂದು ಪಕ್ಕದಲ್ಲೇ ಬರೆಯುತ್ತೇವೆ.