ಡೀಲರ್ ಚೀಟಿಯ ಮೇಲಿನ ರೇಟು: ಅಮೆರಿಕದಲ್ಲಿ ಹಳೇ ಬೈಕ್ ಕೊಳ್ಳಲು ಹೊರಟ ಹೊಸಬರಿಗೆ

ಏಪ್ರಿಲ್ ಬಂತೆಂದರೆ ನನಗೆ ಒಂದೇ ಥರದ ಫೋನುಗಳು. "ಅಣ್ಣ, ಇಲ್ಲೊಂದು ಡೀಲರ್ ಹತ್ರ ಬೈಕ್ ನೋಡ್ದೆ. ನಾಲ್ಕು ವರ್ಷ ಹಳೇದು. ಹೊಸದರ ರೇಟೇ ಹೇಳ್ತಿದಾನೆ. ಇದು ಸರೀನಾ?"

ಸರಿಯಲ್ಲ. ಆದರೆ ಇಲ್ಲಿ ಅದು ಮಾಮೂಲಿ. ನಾನು ನ್ಯೂಜೆರ್ಸಿಗೆ ಬಂದು ಹತ್ತು ವರ್ಷದ ಮೇಲಾಯಿತು. ಮೂರು ಬೈಕ್ ಕೊಂಡಿದ್ದೇನೆ, ಎರಡು ಮಾರಿದ್ದೇನೆ. ಮೊದಲನೆಯದಕ್ಕೆ ಹೋದಾಗ ನಾನೂ ಹೀಗೇ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

2021ರ ಬೇಸಿಗೆ. ಕವಾಸಾಕಿ ನಿಂಜಾ 400, 2018ರ ಮಾಡೆಲ್, ಎಬಿಎಸ್ ಇಲ್ಲದ್ದು. ಹ್ಯಾಂಡಲ್‌ಗೆ ಕಟ್ಟಿದ ಚೀಟಿಯಲ್ಲಿ 5,499 ಡಾಲರ್. ಅದೇ ಬೈಕು 2018ರಲ್ಲಿ ಹೊಸದಾಗಿ ಬಂದಾಗ ಕಂಪನಿ ಇಟ್ಟ ಬೆಲೆ 4,999. ಮೂರು ವರ್ಷ ಓಡಿದ ಗಾಡಿ ಹೊಸದಕ್ಕಿಂತ 500 ಜಾಸ್ತಿ! ಕೇಳಿದರೆ, "ಹೊಸದು ಸ್ಟಾಕ್ ಇಲ್ಲ, ಕೋವಿಡ್" ಅಂದ. ಅದು ಸುಳ್ಳೂ ಆಗಿರಲಿಲ್ಲ. ಆ ವರ್ಷ ಮನೆಯಲ್ಲಿ ಕೂತು ಬೇಸತ್ತವರೆಲ್ಲ ಬೈಕ್ ಹುಡುಕುತ್ತಿದ್ದರು, ಫ್ಯಾಕ್ಟರಿಗಳಿಂದ ಮಾಲು ಬರುತ್ತಿರಲಿಲ್ಲ.

ಆಗಲಿ ಅಂತ ಕೂತೆ. ಕಂಪ್ಯೂಟರ್‌ನಿಂದ ಒಂದು ಹಾಳೆ ಹೊರಗೆ ಬಂತು. ಡಾಕ್ ಫೀ 399. ಗಾಡಿ ಸಿದ್ಧಮಾಡಿದ್ದಕ್ಕೆ ಪ್ರೆಪ್ ಅಂತ 350. ಪ್ರೊಟೆಕ್ಷನ್ ಪ್ಯಾಕೇಜ್ ಅಂತ 299. ಇಷ್ಟೂ ಸೇರಿಸಿದ ಮೇಲೆ 6.625 ಪರ್ಸೆಂಟ್ ಸೇಲ್ಸ್ ಟ್ಯಾಕ್ಸ್. ಕೊನೆಗೆ ಟೈಟಲ್, ರಿಜಿಸ್ಟ್ರೇಶನ್. ಒಟ್ಟು 7,100 ಚಿಲ್ಲರೆ. ಚೀಟಿ ನೋಡಿ ಒಳಗೆ ಹೋದವನು ಹದಿನೈದು ನಿಮಿಷದಲ್ಲಿ 1,600 ಡಾಲರ್ ಮೇಲೆ ಏರಿದ್ದೆ. ಪ್ರೊಟೆಕ್ಷನ್ ಅಂದರೆ ಏನು ಅಂತ ಕೇಳಿದೆ. ಬಣ್ಣದ ಮೇಲೆ ಏನೋ ಬಳಿದಿದ್ದಾರಂತೆ. ಯೋಚನೆ ಮಾಡಿ ಹೇಳ್ತೀನಿ ಅಂತ ಎದ್ದು ಬಂದೆ. ಅದೇ ಬೈಕಿನ ಇನ್ನೊಂದನ್ನು ಮುಂದಿನ ಜನವರಿಯಲ್ಲಿ, ಹಿಮ ಬೀಳುತ್ತಿದ್ದ ದಿನ, ಒಬ್ಬರ ಮನೆಯ ಗರಾಜಿನಿಂದ 4,300ಕ್ಕೆ ತಂದೆ.

ಆದ್ದರಿಂದ ಮೊದಲು ಕಲಿಯಬೇಕಾದ ಮಾತು 'ಔಟ್ ದಿ ಡೋರ್'. ಅಂದರೆ ಎಲ್ಲ ಸೇರಿ, ಕೀಲಿ ಕೈಗೆ ಬರುವ ಹೊತ್ತಿಗೆ ನಾನು ಕೊಡುವ ಕಟ್ಟಕಡೆಯ ದುಡ್ಡು. ಅಂಗಡಿಗೆ ಹೋಗುವ ಮೊದಲೇ ಇಮೇಲ್‌ನಲ್ಲಿ ಕೇಳಿ, ಬರವಣಿಗೆಯಲ್ಲಿ ತರಿಸಿಕೊಳ್ಳಿ. "ಬನ್ನಿ, ಕೂತು ಮಾತಾಡೋಣ" ಅನ್ನುವವರ ಹತ್ತಿರ ಹೋಗಲೇಬೇಡಿ. ಆ ಹಾಳೆಯಲ್ಲಿ ಸರ್ಕಾರಕ್ಕೆ ಹೋಗೋದು ಟ್ಯಾಕ್ಸ್, ಟೈಟಲ್, ರಿಜಿಸ್ಟ್ರೇಶನ್ ಮಾತ್ರ. ಉಳಿದಿದ್ದೆಲ್ಲ ಡೀಲರ್ ಜೇಬಿಗೆ. ಡಾಕ್ ಫೀ ಅಂದರೆ ಕಾಗದಪತ್ರ ಮಾಡಿಕೊಡುವ ಕೂಲಿ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಕಾನೂನಿನ ಮಿತಿ ಇದೆ, ಫ್ಲೋರಿಡಾದಲ್ಲಿ ಮಿತಿಯೇ ಇಲ್ಲ. "ಇದು ಎಲ್ಲರಿಗೂ ಒಂದೇ, ತೆಗೆಯೋಕಾಗಲ್ಲ" ಅಂತಾರೆ. ತೆಗೆಯಬೇಡಿ, ಬೈಕಿನ ರೇಟಿನಲ್ಲೇ ಅಷ್ಟು ಇಳಿಸಿ ಅನ್ನಿ. ಇಲ್ಲಿನವರು ಚೌಕಾಸಿ ಮಾಡಲ್ಲ ಅಂತ ನಮ್ಮವರಲ್ಲಿ ಒಂದು ನಂಬಿಕೆ ಇದೆ. ತರಕಾರಿಗೆ ಮಾಡಲ್ಲ, ನಿಜ. ಗಾಡಿಗೆ ಎಲ್ಲರೂ ಮಾಡ್ತಾರೆ.

ಇಷ್ಟು ರೇಟು ಯಾಕೆ ಅನ್ನೋದು ನನಗೆ ಪೂರ್ತಿ ಅರ್ಥವಾಗಿದ್ದು ಗೆಳೆಯನೊಬ್ಬ ತನ್ನ ಬೈಕ್ ಕೊಡಲು ಹೋದಾಗ. ಡೀಲರ್ ಅವನಿಗೆ 2,800 ಹೇಳಿದ. ಅವಸರದಲ್ಲಿದ್ದ, ಕೊಟ್ಟು ಬಂದ. ಎರಡು ವಾರ ಬಿಟ್ಟು ಅದೇ ಬೈಕು, ಅದೇ ಟ್ಯಾಂಕಿನ ಮೇಲಿನ ಅದೇ ಗೀರು, ಅದೇ ಅಂಗಡಿಯಲ್ಲಿ 4,699ಕ್ಕೆ ನಿಂತಿತ್ತು. ತೊಳೆದಿದ್ದರು ಪಾಪ. ಹಾಗಂತ ಪೂರಾ 1,900 ಲಾಭ ಅಂತಲ್ಲ. ಅಂಗಡಿ ಬಾಡಿಗೆ, ಮೆಕ್ಯಾನಿಕ್ ಸಂಬಳ, ಸಾಲದಲ್ಲಿ ತಂದ ಮಾಲಿನ ಬಡ್ಡಿ, ಚಳಿಗಾಲದಲ್ಲಿ ನಾಲ್ಕು ತಿಂಗಳು ನೊಣ ಹೊಡೆಯೋದು, ಇವೆಲ್ಲ ಅದರಲ್ಲೇ ಬರಬೇಕು. ಬೇಕಾದ ಬೈಕುಗಳನ್ನು ಡೀಲರ್‌ಗಳು ಹೋಲ್‌ಸೇಲ್ ಹರಾಜಿನಲ್ಲೂ ಎತ್ತುತ್ತಾರೆ. ಅಲ್ಲಿಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ಅಲ್ಲಿ ಜಾಸ್ತಿ ಕೊಟ್ಟು ತಂದದ್ದನ್ನು ಕಡಿಮೆಗೆ ಮಾರಲು ಯಾರಿಗೂ ಮನಸ್ಸು ಬರಲ್ಲ. ಅದಕ್ಕೇ ಕೆಲವು ಗಾಡಿಗಳು ತಿಂಗಳುಗಟ್ಟಲೆ ಅದೇ ಚೀಟಿ ಕಟ್ಟಿಕೊಂಡು ನಿಂತಿರುತ್ತವೆ. ಜಾಹೀರಾತಿನ ತಾರೀಖು ನೋಡಿಕೊಳ್ಳಿ. ಮೂರು ತಿಂಗಳು ನಿಂತ ಬೈಕಿಗೆ, ಅದೂ ನವೆಂಬರ್ ಹತ್ತಿರ ಬಂದಾಗ, ನಿಮ್ಮ ಮಾತಿಗೆ ತೂಕ ಬರುತ್ತದೆ.

ಸರಿಯಾದ ಬೆಲೆ ಗೊತ್ತಾಗೋದು ಹೇಗೆ? ಕೆಲಿ ಬ್ಲೂ ಬುಕ್ ಅಂತ ಗಾಡಿಗಳ ಬೆಲೆ ತೋರಿಸುವ ವೆಬ್‌ಸೈಟಿದೆ, ಅಲ್ಲಿ ಬೈಕುಗಳಿಗೂ ಬೆಲೆ ಸಿಗುತ್ತದೆ. ಅದರಲ್ಲಿ ಎರಡು ಅಂಕಿ: ಡೀಲರ್‌ಗೆ ಕೊಟ್ಟರೆ ಏನು ಸಿಗುತ್ತದೆ, ಡೀಲರ್ ಏನು ಹೇಳುತ್ತಾನೆ. ಖಾಸಗಿಯವರಿಂದ ಕೊಂಡರೆ ಸಾಮಾನ್ಯವಾಗಿ ಇವೆರಡರ ನಡುವೆ ಎಲ್ಲೋ ವ್ಯಾಪಾರ ಕುದುರುತ್ತದೆ. ಆಮೇಲೆ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಕ್ರೇಗ್ಸ್‌ಲಿಸ್ಟ್, ಸೈಕಲ್ ಟ್ರೇಡರ್ ಮೂರರಲ್ಲೂ ನೂರು ಮೈಲಿ ಸುತ್ತಮುತ್ತಲಲ್ಲಿ ಅದೇ ಮಾಡೆಲ್ ಹುಡುಕಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದು ವಿಷಯ ನೆನಪಿರಲಿ: ಅಲ್ಲಿರೋದು ಕೇಳಿದ ಬೆಲೆ, ಕೊಟ್ಟ ಬೆಲೆ ಅಲ್ಲ. ಎರಡು ಮೂರು ವಾರ ಕಣ್ಣಿಟ್ಟರೆ ಯಾವ ರೇಟಿನದು ಬೇಗ ಮಾಯವಾಗುತ್ತದೆ, ಯಾವುದು ಅಲ್ಲೇ ಕೂತಿರುತ್ತದೆ ಅಂತ ಕಾಣುತ್ತದೆ. ಮಾರುಕಟ್ಟೆ ಬೆಲೆ ಅಂದರೆ ಮಾಯವಾದದ್ದರ ರೇಟು.

ಜೊತೆಗೆ ಹೊಸ ಬೈಕಿನ ರೇಟನ್ನೂ ಕೇಳಿ ಇಟ್ಟುಕೊಳ್ಳಿ. ಹೋದ ವರ್ಷದ ಮಾಡೆಲ್, ಒಂದು ಮೈಲಿಯೂ ಓಡದ್ದು, ಮೂಲೆಯಲ್ಲಿ ಉಳಿದಿರುತ್ತದೆ. ಅದಕ್ಕೆ ರಿಯಾಯಿತಿ ಸೇರಿದರೆ ಎಷ್ಟೋ ಸಲ ಪಕ್ಕದ ಸೆಕೆಂಡ್ ಹ್ಯಾಂಡ್‌ಗಿಂತ ಅದೇ ಲೇಸು, ವಾರಂಟಿಯೂ ಬರುತ್ತದೆ. ಹೊಸದರಲ್ಲಿ ಫ್ರೈಟ್ (ಸಾಗಣೆ), ಸೆಟಪ್ (ಜೋಡಣೆ) ಅಂತ ಬೇರೆ ಸಾಲುಗಳಿರುತ್ತವೆ, ಆದ್ದರಿಂದ ಅಲ್ಲೂ ಔಟ್ ದಿ ಡೋರ್ ರೇಟನ್ನೇ ಕೇಳಬೇಕು.

ಇನ್ನು ನಮ್ಮವರೆಲ್ಲ ಮಾಡುವ ಗುಣಾಕಾರ. ನಾನೂ ಮಾಡಿದ್ದೇನೆ. 2018ರಲ್ಲಿ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಇಂಡಿಯಾದಲ್ಲಿ ಎರಡೂವರೆ ಲಕ್ಷ ಎಕ್ಸ್ ಶೋರೂಮ್‌ಗೆ ಬಂತು. ಇಲ್ಲಿ 5,799 ಡಾಲರ್. ಆಗಿನ ಲೆಕ್ಕದಲ್ಲಿ ನಾಲ್ಕು ಲಕ್ಷ ದಾಟುತ್ತದೆ. "ಚೆನ್ನೈನಲ್ಲಿ ಮಾಡಿದ್ದು, ಇಲ್ಲಿ ಸುಲಿಗೆ" ಅಂತ ಹೊಟ್ಟೆ ಉರಿದುಕೊಳ್ಳೋದು ಸುಲಭ. ಆದರೆ ದೊಡ್ಡ ಬೈಕುಗಳಲ್ಲಿ ಲೆಕ್ಕ ತಿರುಗುಮುರುಗು. ಹೋಂಡಾ ಗೋಲ್ಡ್ ವಿಂಗ್ ಟೂರ್ 2023ರಲ್ಲಿ ಇಂಡಿಯಾದಲ್ಲಿ 39.20 ಲಕ್ಷ ಎಕ್ಸ್ ಶೋರೂಮ್. ಇಲ್ಲಿ 30,000 ಡಾಲರ್ ಆಸುಪಾಸು, ಅಂದರೆ 25 ಲಕ್ಷದ ಹತ್ತಿರ. ಯಾರಿಗೆ ಯಾರು ಸುಲಿಗೆ ಮಾಡ್ತಿದಾರೆ ಈಗ?

ಬ್ರಿಟನ್, ಜರ್ಮನಿಯಲ್ಲಿರುವ ಗೆಳೆಯರು ತಮ್ಮ ರೇಟು ಕಳಿಸಿ ಕೆಣಕುತ್ತಾರೆ. ಅಲ್ಲಿನ ಬೆಲೆಗಿಂತ ಅಲ್ಲಿನ ಕಾಯಿದೆ ನೋಡಿ ನನಗೆ ಅಸೂಯೆ. ಬ್ರಿಟನ್ನಿನಲ್ಲಿ ನಂಬರ್ ಪ್ಲೇಟ್ ಹಾಕಿದರೆ ಸಾಕು, ಆ ಬೈಕಿನ ವಾರ್ಷಿಕ ತಪಾಸಣೆಯ ಚರಿತ್ರೆ ಸರ್ಕಾರಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಯಾವುದರಲ್ಲಿ ಫೇಲಾಯಿತು, ಎಲ್ಲ. ಡೀಲರ್‌ನಿಂದ ಕೊಂಡ ಹಳೇ ಗಾಡಿಯಲ್ಲಿ ದೋಷವಿದ್ದರೆ 30 ದಿನದೊಳಗೆ ವಾಪಸ್ ಕೊಡುವ ಹಕ್ಕೂ ಇದೆ, 2015ರ ಗ್ರಾಹಕ ಕಾಯಿದೆಯಲ್ಲಿ. ಜರ್ಮನಿಯ ಡೀಲರ್ ಹಳೇ ಗಾಡಿಗೂ ಕನಿಷ್ಠ ಒಂದು ವರ್ಷ ಹೊಣೆ ಹೊರಬೇಕು. ಇಲ್ಲಿ? ಹಳೇ ಕಾರು ಮಾರುವಾಗ ಡೀಲರ್ ಕಿಟಕಿಗೆ ವಾರಂಟಿ ಉಂಟೋ ಇಲ್ಲವೋ ಅಂತ ಬರೆದ ಕಾಗದ ಅಂಟಿಸಲೇಬೇಕು, ಕೇಂದ್ರದ ನಿಯಮ. ಅದೇ ನಿಯಮದಲ್ಲಿ ಮೋಟಾರ್‌ಸೈಕಲ್ ಬಿಟ್ಟು ಅಂತ ಸ್ಪಷ್ಟವಾಗಿ ಬರೆದಿದೆ. ಬಹಳಷ್ಟು ಕಡೆ ಬಿಲ್ಲಿನಲ್ಲಿ 'ಆ್ಯಸ್ ಈಸ್' ಅಂತ ಇರುತ್ತದೆ. ಅಂದರೆ ಇದ್ದದ್ದು ಇದ್ದ ಹಾಗೆ, ಗೇಟು ದಾಟಿದ ಮೇಲೆ ನಿನ್ನ ಹಣೆಬರಹ.

ಜಪಾನಿನಲ್ಲಿ ಎಲ್ಲ ಅಗ್ಗ ಅನ್ನೋರೂ ಇದ್ದಾರೆ. 250 ಸಿಸಿ ಮೇಲಿನ ಬೈಕಿಗೆ ಅಲ್ಲಿ 'ಶಾಕೆನ್' ಎಂಬ ಕಡ್ಡಾಯ ತಪಾಸಣೆ ಇದೆ. ಹೊಸದಕ್ಕೆ ಮೂರು ವರ್ಷ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಖರ್ಚು. ಆದರೆ ಅಲ್ಲಿನ ಸಾಮಾನ್ಯ ಬೈಕ್ ಲೈಸೆನ್ಸ್ 400 ಸಿಸಿವರೆಗೆ ಮಾತ್ರ. ಅದಕ್ಕೇ ಎಂಬತ್ತರ ದಶಕದ ಹೋಂಡಾ ಸಿಬಿಎಕ್ಸ್ 400 ಎಫ್‌ನಂಥವಕ್ಕೆ ಅಲ್ಲಿ ಲಕ್ಷಗಟ್ಟಲೆ ಅಲ್ಲ, ಮಿಲಿಯನ್‌ಗಟ್ಟಲೆ ಯೆನ್ ಕೊಡುತ್ತಾರೆ. ಇಷ್ಟಕ್ಕೂ ಅಲ್ಲಿಂದಲೋ ಇಂಡಿಯಾದಿಂದಲೋ ತರಿಸಿಬಿಡೋಣ ಅಂದರೆ ಆಗೋ ಮಾತಲ್ಲ. ಅಮೆರಿಕದ ಸುರಕ್ಷತಾ ನಿಯಮಕ್ಕೆ ತಕ್ಕಂತೆ ತಯಾರಾಗದ ಗಾಡಿಗೆ 25 ವರ್ಷ ತುಂಬಿರಬೇಕು. ಹೊಗೆಯ ನಿಯಮ ಬೇರೆ. ಅಪ್ಪನ ಹಳೇ ಬುಲೆಟ್ ಬಂದೀತು, ನಿಮ್ಮ ಕಾಲೇಜಿನ ಪಲ್ಸರ್ ಬರಲ್ಲ. ಹೊರದೇಶದ ರೇಟು ಮಾತಾಡೋಕೆ ಚೆಂದ. ನಿಮ್ಮ ಬೈಕಿನ ರೇಟು ತೀರ್ಮಾನ ಮಾಡೋದು ಆ ನೂರು ಮೈಲಿಯ ಹಾಳೆ.

ಖಾಸಗಿಯವರಿಂದ ಕೊಳ್ಳುವಾಗ ಹೆದರಿಕೆ ಇರಬೇಕಾದ್ದು ಕಾಗದದ ಬಗ್ಗೆ. ಇಲ್ಲಿ ಟೈಟಲ್ ಅಂದರೆ ಒಡೆತನದ ಪತ್ರ. ಅದರಲ್ಲಿರುವ ಹೆಸರು, ಎದುರು ನಿಂತವರ ಲೈಸೆನ್ಸಿನ ಹೆಸರು ಒಂದೇ ಇರಬೇಕು. "ನಮ್ಮ ಕಸಿನ್ ಬೈಕು, ಅವನು ಊರಲ್ಲಿಲ್ಲ" ಅಂದರೆ ನಮಸ್ಕಾರ ಹೇಳಿ ಬನ್ನಿ. ಲೀನ್ ಅಂತ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಕೇಳಿ. 'ಸಾಲ್ವೇಜ್' ಅಥವಾ 'ರೀಬಿಲ್ಟ್' ಅಂತಿದ್ದರೆ ಅದು ಒಮ್ಮೆ ಇನ್ಶೂರೆನ್ಸ್‌ನವರು ಕೈಬಿಟ್ಟ ಗಾಡಿ, ಹೊಸಬರು ಮುಟ್ಟಬೇಡಿ. ಕಾರುಗಳ ಚರಿತ್ರೆ ಕೊಡುವ ಕಾರ್‌ಫ್ಯಾಕ್ಸ್‌ನಲ್ಲಿ ಬೈಕಿನದು ಸಿಗಲ್ಲ. ವಿನ್ ಅಂದರೆ ಪ್ರತಿ ಗಾಡಿಯ ಗುರುತಿನ ಸಂಖ್ಯೆ. ಅದನ್ನು ಇನ್ಶೂರೆನ್ಸ್ ಕಂಪನಿಗಳ ಅಪರಾಧ ತಡೆ ಸಂಸ್ಥೆ ಎನ್‌ಐಸಿಬಿಯ ವಿನ್ ಚೆಕ್‌ನಲ್ಲಿ ಹಾಕಿ ಕಳ್ಳಮಾಲೇ, ಸಾಲ್ವೇಜೇ ಅಂತ ಪುಕ್ಕಟೆ ನೋಡಬಹುದು. ರಸ್ತೆ ಸುರಕ್ಷತೆಯ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಅದೇ ವಿನ್ ಹಾಕಿದರೆ ಬಾಕಿ ಇರುವ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿ ಗಾಡಿಯನ್ನು ವಾಪಸ್ ಕರೆದದ್ದು, ಕಾಣುತ್ತದೆ. ಚೌಕಟ್ಟಿನ ಮೇಲೆ ಹೊಡೆದ ವಿನ್ ಮತ್ತು ಟೈಟಲ್‌ನ ವಿನ್ ಅಕ್ಷರ ಅಕ್ಷರ ತಾಳೆ ನೋಡಿ. ಪಕ್ಕದ ಪೆನ್ಸಿಲ್ವೇನಿಯಾದವರಿಂದ ಕೊಂಡರೆ ಮಾರುವವರ ಸಹಿ ನೋಟರಿ ಮುಂದೆ ಆಗಬೇಕು. ಟ್ಯಾಕ್ಸ್ ತಪ್ಪುತ್ತದೆ ಅಂದುಕೊಳ್ಳಬೇಡಿ, ನ್ಯೂಜೆರ್ಸಿಯಲ್ಲಿ ಹೆಸರು ಬದಲಿಸುವಾಗ ಎಂವಿಸಿ, ಅಂದರೆ ಇಲ್ಲಿನ ಆರ್‌ಟಿಓ, ಅದನ್ನು ವಸೂಲಿ ಮಾಡುತ್ತದೆ. ಬೈಕ್ ನೋಡಲು ಹೋದಾಗ ಮಾತು ಶುರುಮಾಡುವ ಮೊದಲು ಎಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ, ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಯನ್ನು ನೀವು ಬರುವ ಮೊದಲೇ ಎಬ್ಬಿಸಿ ಇಟ್ಟಿರಬಹುದು. ಟೈರಿನ ಪಕ್ಕದಲ್ಲಿ ಡಿಓಟಿ ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2317 ಅಂದರೆ 2017ನೇ ಇಸವಿಯ 23ನೇ ವಾರ ತಯಾರಾದದ್ದು. ನಾನು ತಂದ ನಿಂಜಾದಲ್ಲಿ ಇದ್ದದ್ದು ಅದೇ. ಟೈರಿನ ಗೆರೆ ಸವೆದಿರಲಿಲ್ಲ, ಆದರೆ ರಬ್ಬರ್ ಒಣಗಿತ್ತು. ಅದೊಂದನ್ನು ತೋರಿಸಿ 200 ಇಳಿಸಿದೆ, ಮಾರಿದವರು ನಕ್ಕು ಒಪ್ಪಿದರು. ಕ್ಲಚ್ ಲಿವರ್ ತುದಿ, ಹ್ಯಾಂಡಲ್ ತುದಿ, ಫುಟ್‌ಪೆಗ್ ಉಜ್ಜಿದ್ದರೆ ಬಿದ್ದ ಗಾಡಿ. ಬಿದ್ದದ್ದು ಅಪರಾಧವಲ್ಲ, ಮುಚ್ಚಿಟ್ಟರೆ ಅಪರಾಧ. ಮುಂದಿನ ಫೋರ್ಕ್ ಕೊಳವೆಯ ಮೇಲೆ ಬೆರಳಾಡಿಸಿ, ಎಣ್ಣೆ ಹತ್ತಿದರೆ ಸೀಲ್ ಹೋಗಿದೆ.

ಡೀಲರ್ ಹತ್ತಿರ ಹೋಗಲೇಬಾರದು ಅಂತ ನಾನು ಹೇಳಲ್ಲ. ಕಾಗದದ ತಲೆನೋವು ಅವರದು. ಒಳ್ಳೆಯ ಅಂಗಡಿಯವರು ಟೈರ್, ಬ್ರೇಕ್ ಬದಲಿಸಿಯೇ ಮಾರುತ್ತಾರೆ. ಅದಕ್ಕೆ ಐನೂರು ಡಾಲರ್ ಜಾಸ್ತಿ ಕೊಡೋದು ನನಗೇನೂ ಅನ್ಯಾಯ ಅನ್ನಿಸಲ್ಲ. ಸಾಲದ ವಿಷಯ ಬೇರೆ. ಬಂದ ಹೊಸದರಲ್ಲಿ ನಿಮಗೆ ಕ್ರೆಡಿಟ್ ಹಿಸ್ಟರಿ (ಸಾಲ ತೀರಿಸಿದ ದಾಖಲೆ) ಇರಲ್ಲ, ಬಡ್ಡಿ ಮೈಸುಡುತ್ತದೆ. "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಅಂತ ಕೇಳಿದರೆ ಉತ್ತರ ಕೊಡಬೇಡಿ. ಆ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಬೈಕಿನ ಬೆಲೆ ಯಾರ ಬಾಯಲ್ಲೂ ಬರಲ್ಲ.

ಲೈಸೆನ್ಸ್: ಕಾರಿನದು ಬೈಕಿಗೆ ನಡೆಯಲ್ಲ. ವಾರಾಂತ್ಯದಲ್ಲಿ ಬೈಕ್ ಓಡಿಸೋದು ಕಲಿಸುವ ಎಂಎಸ್‌ಎಫ್ (ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಶನ್) ಕೋರ್ಸ್ ಮಾಡಿ, ನ್ಯೂಜೆರ್ಸಿ ಸೇರಿ ಬಹಳ ರಾಜ್ಯಗಳಲ್ಲಿ ರೋಡ್ ಟೆಸ್ಟ್ ಮಾಫಿಯಾಗುತ್ತದೆ. ಊರಲ್ಲಿ ಇಪ್ಪತ್ತು ವರ್ಷ ಓಡಿಸಿದವರೂ ಮಾಡಿ. ಇನ್ಶೂರೆನ್ಸ್ ರೇಟನ್ನು ಬೈಕ್ ಕೊಳ್ಳುವ ಮೊದಲು ಕೇಳಿ, ಆಮೇಲಲ್ಲ. 600 ಸಿಸಿ ಸ್ಪೋರ್ಟ್ಸ್ ಬೈಕಿನ ರೇಟು ಕೇಳಿಯೇ ಎಷ್ಟೋ ಜನರ ಆಸೆ ಇಳಿದಿದೆ.

ಇನ್ನೊಂದು, ಮನೆಗೆ ತರೋದು. ನ್ಯೂಜೆರ್ಸಿಯಲ್ಲಿ ನಂಬರ್ ಪ್ಲೇಟ್ ಗಾಡಿಯ ಜೊತೆ ಬರಲ್ಲ, ಮಾರಿದವರು ಬಿಚ್ಚಿಟ್ಟುಕೊಳ್ಳುತ್ತಾರೆ. ದುಡ್ಡು ಕೊಟ್ಟು, ಕೀಲಿ ಹಿಡಿದು, ಓಡಿಸೋಕಾಗದೆ ನಿಂತವರನ್ನು ನೋಡಿದ್ದೇನೆ. ಯೂ-ಹಾಲ್‌ನಲ್ಲಿ ಬೈಕಿಗೆಂದೇ ಸಣ್ಣ ಟ್ರೇಲರ್ ಬಾಡಿಗೆಗೆ ಸಿಗುತ್ತದೆ. ನಿಮ್ಮ ಕಾರಿಗೆ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಇಲ್ಲದಿದ್ದರೆ ಇರುವ ಗೆಳೆಯರನ್ನು ಕರೆದುಕೊಳ್ಳಿ, ಜೊತೆಗೆ ನಾಲ್ಕು ರ‍್ಯಾಚೆಟ್ ಪಟ್ಟಿ. ಮುಂದಿನ ಎರಡನ್ನು ಫೋರ್ಕ್ ಅರ್ಧ ಕುಗ್ಗುವಷ್ಟು ಬಿಗಿದು ಕಟ್ಟಿ, ಹತ್ತು ಮೈಲಿ ಆದಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಎಳೆದು ನೋಡಿ.