ಐದು ಜನ, ಒಂದು ಮೋಟರ್‌ಹೋಮ್, ನೂರೈವತ್ತು ಲೀಟರ್ ನೀರು

"ಅಪ್ಪ ಅಮ್ಮನ್ನ ಮತ್ತೆ ಅದೇ ಲಾರೀಲಿ ಮಲಗಿಸ್ತೀಯಂತೆ?" ಅಂತ ಕೊಟ್ಟಿಗೆಹಾರದಿಂದ ಚಿಕ್ಕಮ್ಮ ಫೋನ್ ಮಾಡಿ ಕೇಳಿದ್ದರು. ಲಾರಿ ಅಂದರೆ ಬಾಡಿಗೆ ಮೋಟರ್‌ಹೋಮ್, ಹಾಸಿಗೆ, ಅಡುಗೆಮನೆ, ಬಚ್ಚಲು ಒಳಗೇ ಇರುವ ಗಾಡಿ. ಇಲ್ಲಿ ಟೊರಾಂಟೊದ ಗೆಳೆಯರು ಅದನ್ನೇ ಸ್ವಲ್ಪ ನಯವಾಗಿ ಹೇಳಿದ್ದರು. ಎರಡು ಹೋಟೆಲ್ ರೂಮು, ಒಂದು ದೊಡ್ಡ ಕಾರು, ಆರಾಮಾಗಿ ಹೋಗಿ ಬನ್ನಿ ಅಂತ. ನಾನು ಕೇಳಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಂಬತ್ತು ರಾತ್ರಿ, ಹೆಚ್ಚು ಕಡಿಮೆ 1,050 ಕಿಲೋಮೀಟರ್, ಕೆನಡಾದ ರಾಕಿ ಬೆಟ್ಟಗಳ ಬ್ಯಾನ್ಫ್, ಯೋಹೋ, ಜಾಸ್ಪರ್ ಮೂರೂ ನ್ಯಾಷನಲ್ ಪಾರ್ಕು ನೋಡಿಕೊಂಡು ಬಂದೆವು. ಯಾರ ಸೊಂಟವೂ ಹಿಡಿಯಲಿಲ್ಲ. ಅಮ್ಮ ಒಂದು ಸಲವೂ "ಮನೆಗೆ ಹೋಗೋಣ" ಅನ್ನಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಮೂರನೇ ಯತ್ನ. ಮೊದಲನೆಯದು 2023ರ ಜುಲೈ. ಆಗ ನಕ್ಷೆ ಹರಡಿಕೊಂಡು, ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದಿದ್ದೆ. ಬ್ಯಾನ್ಫ್, ಜಾಸ್ಪರ್, ಕೂಟೆನಿ, ಆಮೇಲೆ ಗಡಿ ದಾಟಿ ಅಮೆರಿಕದ ಗ್ಲೇಸಿಯರ್ ಪಾರ್ಕು. ಗ್ಲೇಸಿಯರ್ ಹೊರಡುವ ಮೊದಲೇ ಬಿತ್ತು. ಅಲ್ಲಿನ ಗೋಯಿಂಗ್ ಟು ದಿ ಸನ್ ರಸ್ತೆಯ ಮೇಲ್ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ ಅನ್ನೋದು ಕ್ಯಾಂಪಿಗೆ (ರಾತ್ರಿ ಗಾಡಿ ನಿಲ್ಲಿಸಿ ಮಲಗುವ ಜಾಗ) ದುಡ್ಡು ಕಟ್ಟಿದ ಮೇಲೆ ಗೊತ್ತಾಯಿತು. ಅಪ್ಪ ಅಮ್ಮನಿಗೆ ಅಮೆರಿಕದ ವೀಸಾ ಇಲ್ಲ ಅನ್ನೋದು ಅದಕ್ಕೂ ಆಮೇಲೆ ನೆನಪಾಯಿತು. ನಗಬೇಡಿ. ಉಳಿದದ್ದನ್ನೇ ಒಂಬತ್ತು ದಿನಕ್ಕೆ 2,200 ಕಿಲೋಮೀಟರ್ ಎಳೆದೆವು. ದಿನಾ ಬೇರೆ ಜಾಗ. ಪಾರ್ಕಿನೊಳಗೆ ಬುಕಿಂಗ್ ಇಲ್ಲದೆ ಹೊರಗಿನ ಖಾಸಗಿ ಕ್ಯಾಂಪುಗಳಿಗೆ ರಾತ್ರಿಗೆ 80 ಡಾಲರ್ ಸುರಿದೆವು.

ಆ ಸಲದ ದೊಡ್ಡ ಅವಮಾನ ವಿಲ್ಕಾಕ್ಸ್ ಕ್ಯಾಂಪಿನಲ್ಲಿ. ಲೇಕ್ ಲೂಯಿಸ್‌ನಿಂದ ಜಾಸ್ಪರ್‌ಗೆ ಹೋಗುವ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಹೆದ್ದಾರಿ ಮೇಲೆ, ಸನ್‌ವಾಪ್ಟಾ ಕಣಿವೆ ದಾರಿಯ ಹತ್ತಿರ, ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಕರೆಂಟ್ ಇಲ್ಲ. ರಾತ್ರಿ ಎರಡೂವರೆಗೆ ಗಾಡಿಯೊಳಗಿನ ದೀಪ, ಫ್ಯಾನ್ ನಡೆಸುವ ಮನೆ ಬ್ಯಾಟರಿ ಕೈಕೊಟ್ಟಿತು. ಪ್ರೊಪೇನ್ ಗ್ಯಾಸ್ ತುಂಬಿತ್ತು, ಆದರೆ ಗಾಡಿ ಬೆಚ್ಚಗಿಡುವ ಫರ್ನೇಸಿನ ಫ್ಯಾನ್ ತಿರುಗಬೇಕಲ್ಲ. ಫ್ಯಾನ್ ನಿಂತರೆ ಫರ್ನೇಸೂ ನಿಂತ ಹಾಗೆ. ಜನರೇಟರ್ ಹಾಕೋಣ ಅಂದರೆ ಆ ಹೊತ್ತಲ್ಲಿ ಸದ್ದು ಮಾಡುವ ಹಾಗಿಲ್ಲ. ಸಾಲದ್ದಕ್ಕೆ ಗ್ಯಾಸ್ ಅಲಾರಂ ಬೇರೆ ವೋಲ್ಟೇಜ್ ಇಳಿದು ಪೀಪೀ ಅನ್ನತೊಡಗಿತು. ಎರಡು ವರ್ಷದ ಮಗಳು ಅಜ್ಜಿಯ ಸೆರಗಿನೊಳಗೆ, ಅಪ್ಪ ಸ್ವೆಟರ್ ಮೇಲೆ ಸ್ವೆಟರ್. ಬೆಳಿಗ್ಗೆ ಅಪ್ಪ ಹೇಳಿದ್ದು ಒಂದೇ ಮಾತು: "ಬಸ್ಸಲ್ಲಿ ನೈಟ್ ಹಾಲ್ಟ್ ಇದಕ್ಕಿಂತ ಚೆನ್ನಾಗಿರ್ತಿತ್ತು ಕಣೋ." ಖರ್ಚು 6,500 ಡಾಲರ್ ದಾಟಿತ್ತು.

ಎರಡನೇ ಸಲ ನನ್ನ ತಪ್ಪಿರಲಿಲ್ಲ. 2024ರ ಆಗಸ್ಟ್‌ಗೆ ಜಾಸ್ಪರ್ ಬುಕ್ ಆಗಿತ್ತು. ಜುಲೈ 22ಕ್ಕೆ ಕಾಡ್ಗಿಚ್ಚಿಗೆ ಊರನ್ನೇ ಖಾಲಿ ಮಾಡಿಸಿದರು. 24ಕ್ಕೆ ಬೆಂಕಿ ಊರೊಳಗೆ ನುಗ್ಗಿ, ಕಟ್ಟಡಗಳಲ್ಲಿ ಮೂರನೇ ಒಂದು ಭಾಗದಷ್ಟು ಸುಟ್ಟು ಹೋದವು. ಕ್ಯಾಂಪಿನ ದುಡ್ಡು ವಾಪಸ್ ಬಂತು.

ಆ ಖಾಲಿ ಆಗಸ್ಟ್‌ನಲ್ಲಿ ಕೂತು ಹಳೇ ಲೆಕ್ಕ ತೆಗೆದೆ. ನಮ್ಮನ್ನು ಸೋಲಿಸಿದ್ದು ದೂರವೂ ಅಲ್ಲ, ಬೆಟ್ಟವೂ ಅಲ್ಲ, ಟ್ಯಾಂಕು ಮತ್ತು ಬ್ಯಾಟರಿ. ಹಾಗಾಗಿ ನಕ್ಷೆ ಮಡಚಿಟ್ಟು, ಟ್ಯಾಂಕ್ ಎಷ್ಟು ದಿನ ತಡೆಯುತ್ತೆ ಅನ್ನೋದರ ಮೇಲೆ ಪ್ರವಾಸ ಕಟ್ಟಿದೆ.

ನಮ್ಮದು 24 ಅಡಿಯ ಗಾಡಿ. ಒಳ್ಳೆ ನೀರು 150 ಲೀಟರ್ ಹತ್ತಿರ. ಸಿಂಕು, ಸ್ನಾನದ ನೀರಿನ ಗ್ರೇ ಟ್ಯಾಂಕು 110 ಇರಬಹುದು. ಕಕ್ಕಸಿನ ಬ್ಲ್ಯಾಕ್ ಟ್ಯಾಂಕು ಅದಕ್ಕಿಂತ ಚೂರು ಕಡಿಮೆ. ಬಾಡಿಗೆ ಕೊಡುವವರು "ನಾಲ್ಕೈದು ದಿನಕ್ಕೆ ಸಾಕು" ಅಂತಾರೆ. ಅದು ಅವರ ಲೆಕ್ಕ. ಅವರು ಕಾಗದ ಬಳಸುವವರು, ನಾವು ನೀರು ಬಳಸುವವರು. ಒಂದು ಸಲಕ್ಕೆ ಒಂದು ಮಗ್ಗು ಅಂದರೂ ಐದು ಜನಕ್ಕೆ ದಿನಕ್ಕೆ ಎಷ್ಟಾಯಿತು? 2023ರಲ್ಲಿ ಎರಡೂವರೆ ದಿನಕ್ಕೇ ಬ್ಲ್ಯಾಕ್ ಟ್ಯಾಂಕ್ ಕೆಂಪು ದೀಪ ತೋರಿಸಿತ್ತು. ಈ ಸಲ ಮಗ್ಗು ಒಳಗಿಟ್ಟು, ಮೂತಿ ಸಣ್ಣದಿರುವ ಅರ್ಧ ಲೀಟರಿನ ಒತ್ತುವ ಬಾಟಲಿ ಕೊಟ್ಟೆ. ಮೂರು ದಿನ ದಾಟಿಸಿತು. ಸ್ನಾನ ಕ್ಯಾಂಪಿನ ಬಚ್ಚಲಲ್ಲೇ. ಗಾಡಿಯೊಳಗೆ ತಲೆಗೆ ದಿನಕ್ಕೆ 12 ಲೀಟರ್ ಅಂತ ಕಟ್ಟು ಮಾಡಿದೆ. ಅಮ್ಮ ನನಗಿಂತ ಜೋರು. ಚೊಂಬು ಎಣಿಸಿ ಎಣಿಸಿ ಒಂಬತ್ತಕ್ಕೇ ನಿಲ್ಲಿಸಿದಳು.

ಗ್ರೇ ಟ್ಯಾಂಕಿಗೆ ಇನ್ನೊಂದು ರೋಗ, ಅನ್ನದ ಗಂಜಿ. ಅಕ್ಕಿ ತೊಳೆದ ನೀರು, ಬೇಳೆ ಚರಟ, ಒಗ್ಗರಣೆ ಎಣ್ಣೆ ಎಲ್ಲಾ ಹೋಗಿ ವಾಲ್ವಿನಲ್ಲಿ ಅಂಟಿನ ಹಾಗೆ ಕೂರುತ್ತೆ. 2023ರಲ್ಲಿ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ನಿನಲ್ಲಿ ಹಿಂದೆ ಆರು ಗಾಡಿ ಸಾಲು ನಿಂತಿದ್ದಾಗ ನಮ್ಮ ವಾಲ್ವ್ ಅರ್ಧ ತೆರೆದು ನಿಂತುಬಿಟ್ಟಿತ್ತು. ಈಗ ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯುವುದು, ಸಿಂಕಿಗೆ ಟೀ ಸೋಸುವ ಜಾಲರಿ ಇಡುವುದು. ಟ್ಯಾಂಕ್ ಖಾಲಿ ಮಾಡಿದ ಮೇಲೆ ಇನ್ನೊಂದು ಸಾಮಾನು ಹಾಕಿ ಓಡಿಸುತ್ತೇನೆ. ಏನಂತ ಹೇಳಲ್ಲ. ಅಡುಗೆಮನೆಯದ್ದೇ.

ಹೀಗೆ ಲೆಕ್ಕ ಹಾಕಿ ರಾತ್ರಿಗಳನ್ನು ಮೂರು, ಮೂರು, ಎರಡು, ಒಂದು ಅಂತ ಹಂಚಿದೆ. ಮೊದಲ ಮೂರು ಬ್ಯಾನ್ಫಿನ ಟನಲ್ ಮೌಂಟನ್ ಟ್ರೇಲರ್ ಕೋರ್ಟಿನಲ್ಲಿ. ನೀರು, ಕರೆಂಟು, ಚರಂಡಿ ಮೂರೂ ಇದೆ. ಅಲ್ಲಿ ಎಲ್ಲರೂ ಗಾಡಿಗೆ ಹೊಂದಿಕೊಳ್ಳಲಿ, ಧಾರಾಳವಾಗಿ ನೀರು ಬಳಸಲಿ ಅಂತ. ಊರಿಗೆ ಹೋಗಲು ರೋಮ್ ಅನ್ನೋ ಸಿಟಿ ಬಸ್ ಕ್ಯಾಂಪಿನ ಹತ್ತಿರವೇ ಬರುತ್ತೆ, ಗಾಡಿ ಅಲ್ಲಾಡಿಸುವ ಕೆಲಸವೇ ಇಲ್ಲ. ಮುಂದಿನ ಮೂರು ಲೇಕ್ ಲೂಯಿಸ್ ಟ್ರೇಲರ್ ಕ್ಯಾಂಪು. ಕರೆಂಟ್ ಮಾತ್ರ. ಆಮೇಲೆ ಎರಡು ರಾತ್ರಿ ವಿಲ್ಕಾಕ್ಸ್, ಏನೂ ಇಲ್ಲ. ಕೊನೇ ರಾತ್ರಿ ಕ್ಯಾಲ್ಗರಿ ಹತ್ತಿರ ಖಾಸಗಿ ಜಾಗ, ತೊಳೆದು ಬಳಿದು ಗಾಡಿ ವಾಪಸ್ ಕೊಡಲು. ಈ ಕ್ರಮ ತಿರುಗಿಸಬೇಡಿ. ಮೊದಲ ರಾತ್ರಿಯೇ ಕರೆಂಟಿಲ್ಲದ ಜಾಗಕ್ಕೆ ಹೋದರೆ ಮನೆಯವರ ಮನಸ್ಸು ಅಲ್ಲೇ ಮುರಿಯುತ್ತೆ.

ಬುಕಿಂಗ್ ವಿಷಯದಲ್ಲಿ ಒಂದೇ ಮಾತು: ಮೊದಲು ಜಾಗ, ಆಮೇಲೆ ಗಾಡಿ. ಎಲ್ಲರೂ ಉಲ್ಟಾ ಮಾಡುತ್ತಾರೆ. ಜನವರಿಯಲ್ಲಿ ಬ್ಯಾನ್ಫಿನ ಜಾಗಗಳು ಅಲ್ಲಿನ ಬೆಳಿಗ್ಗೆ ಎಂಟಕ್ಕೆ ತೆರೆದವು, ಟೊರಾಂಟೊದಲ್ಲಿ ಹತ್ತು ಗಂಟೆ. ಎಂಟಕ್ಕೆ ಮುಂಚೆ ವೆಬ್‌ಸೈಟಿಗೆ ಬಂದು ಕೂತವರಿಗೆಲ್ಲ ಲಾಟರಿ ಥರ ಸರದಿ ನಂಬರ್ ಸಿಗುತ್ತೆ. ನಡುರಾತ್ರಿಯಿಂದ ಕಾದರೂ ಲಾಭ ಇಲ್ಲ. ನನಗೆ ಒಂಬತ್ತು ಸಾವಿರ ಚಿಲ್ಲರೆ, ಹೆಂಡತಿಗೆ ಎರಡು ಸಾವಿರದ ಒಳಗೆ. ಅವಳ ಫೋನಿನಲ್ಲೇ ಮಾಡಿದೆವು, ಈಗಲೂ ಅದನ್ನು ಹೇಳಿಕೊಂಡು ತಿರುಗುತ್ತಾಳೆ. ಸೆಪ್ಟೆಂಬರ್ ನಡುಭಾಗ ಆಗಿದ್ದರಿಂದ ಆಗಲೂ ಬೇಕಾದಷ್ಟು ಜಾಗ ಉಳಿದಿತ್ತು. ಟನಲ್ ಮೌಂಟನ್ನಿನಲ್ಲಿ ಯಾವ ನಂಬರಿನ ಜಾಗಕ್ಕೆ ರಂಡಲ್ ಬೆಟ್ಟ ಕಿಟಕಿಯಲ್ಲೇ ಕಾಣುತ್ತೆ ಅಂತ ಕೇಳಬೇಡಿ. ಮುಂದಿನ ಸಲ ನನಗೇ ಬೇಕು.

ಸೆಪ್ಟೆಂಬರ್ ಅಂದಾಗ ಎಲ್ಲರೂ ಚಳಿ ಚಳಿ ಅಂತ ಹೆದರಿಸಿದರು. ಚಳಿ ಇತ್ತು, ಸುಳ್ಳು ಹೇಳಲ್ಲ. ಆದರೆ ಬಾಡಿಗೆ ಅರ್ಧ. ಲಾರ್ಚ್ ಮರಗಳು ಹಳದಿಗೆ ತಿರುಗುವ ಕಾಲವೂ ಅದೇ. ಇನ್ನೂ ತಡ ಮಾಡೋ ಹಾಗಿಲ್ಲ, ಅಕ್ಟೋಬರ್ 1ರಿಂದ ಬ್ರಿಟಿಷ್ ಕೊಲಂಬಿಯಾ ಕಡೆಯ ಬೆಟ್ಟದ ಹೆದ್ದಾರಿಗಳಲ್ಲಿ ಚಳಿಗಾಲದ ಟೈರು ಕಡ್ಡಾಯ.

ಲೇಕ್ ಲೂಯಿಸ್‌ನಲ್ಲಿ ನಮ್ಮ ಪಕ್ಕದ ಟೆಂಟ್ ಕ್ಯಾಂಪಿಗೆ ಕರಡಿ ಬರದಂತೆ ಸುತ್ತಲೂ ಕರೆಂಟ್ ಬೇಲಿ. "ನಮ್ಮಲ್ಲಿ ಆನೆಗೆ, ಇಲ್ಲಿ ಕರಡಿಗೆ" ಅಂದರು ಅಪ್ಪ. ಅಮ್ಮ ತೊಳೆದ ಕುಕ್ಕರನ್ನು ಅಭ್ಯಾಸಬಲದಿಂದ ಹೊರಗಿನ ಮೇಜಿನ ಮೇಲೆ ಬೋರಲು ಹಾಕಿದ್ದಳು. ಹತ್ತು ನಿಮಿಷಕ್ಕೆ ಪಾರ್ಕಿನ ಹುಡುಗಿ ಬಂದು ಬಾಗಿಲು ತಟ್ಟಿದಳು. ಊಟದ ವಾಸನೆಯ ಯಾವುದೂ ಹೊರಗಿರಬಾರದು, ಖಾಲಿ ಪಾತ್ರೆ ಕೂಡ. ದಂಡ ಹಾಕಲಿಲ್ಲ. ಮೊರೇನ್ ಲೇಕ್ ರಸ್ತೆಗೆ 2023ರಿಂದ ಖಾಸಗಿ ಗಾಡಿ ಬಿಡುವುದಿಲ್ಲ, ಶಟಲ್ ಬಸ್ಸೇ ಗತಿ. ಏಪ್ರಿಲ್‌ನಲ್ಲಿ ಟಿಕೆಟ್ ತಪ್ಪಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಹೋಗುವ ದಿನಕ್ಕೆ ಎರಡು ದಿನ ಮೊದಲು ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಕಂತು ಬಿಡುತ್ತಾರೆ, ನಮಗೆ ಅದರಲ್ಲೇ ಸಿಕ್ಕಿತು.

ಒಂದು ದಿನ ಯೋಹೋಗೆ ಹೋದೆವು. ಎಮರಾಲ್ಡ್ ಲೇಕ್ ಸರಿ, ಟಕಕ್ಕಾ ಜಲಪಾತಕ್ಕೆ ಬೇಡ ಅಂತ ಎಲ್ಲರೂ ಹೇಳಿದ್ದರು. ಆ ದಾರಿಯಲ್ಲಿ ಎರಡು ತಿರುವು ಒಂದರ ಮೇಲೊಂದು ಇವೆ. 7 ಮೀಟರ್ ದಾಟಿದ ಗಾಡಿ ಮೊದಲನೆಯದರಲ್ಲಿ ತಿರುಗುವುದಿಲ್ಲ. ಮುಂದೆ ಹೋಗಿ ನಿಂತು, ನಡುವಿನ ತುಂಡನ್ನು ಹಿಮ್ಮುಖವಾಗಿ ಹತ್ತಿ, ಎರಡನೇ ತಿರುವಿನಿಂದ ಮತ್ತೆ ಮುಂದಕ್ಕೆ. ನಮ್ಮದು 7.3 ಮೀಟರ್. ನನ್ನ ಅಪ್ಪ ಇಪ್ಪತ್ತೈದು ವರ್ಷ ಚಾರ್ಮಾಡಿ, ಶಿರಾಡಿಯಲ್ಲಿ ಬಸ್ ಓಡಿಸಿದವರು. ಬಾಡಿಗೆ ಕರಾರಿನಲ್ಲಿ ಹೆಸರಿಲ್ಲ, ಸ್ಟಿಯರಿಂಗ್ ಕೊಡುವ ಹಾಗಿಲ್ಲ. ಹಿಂದಿನ ಕಿಟಕಿಗೆ ಹೋಗಿ ಮಂಡಿಯೂರಿ ಕೂತರು. "ಬರ್ಲಿ, ಬರ್ಲಿ, ಬರ್ಲಿ, ಚೂರು ಎಡಕ್ಕೆ ಒಡಿ, ಬರ್ಲಿ... ಹೋಲ್ಡಾನ್!" ಮೂರು ನಿಮಿಷ ಆಗಿರಬಹುದು, ನನಗೆ ಅರ್ಧ ಗಂಟೆ ಅನ್ನಿಸಿತು. ಮೇಲೆ ಹತ್ತಿದ ಮೇಲೆ ಗಾಡಿಯ ಬದಿಗೆ ಎರಡು ಸಲ ಬಡಿದು "ರೈಟ್ ರೈಟ್" ಅಂದರು. ಒಟ್ಟು 373 ಮೀಟರ್ ಜಲಪಾತ ಅದು. ಅದರ ಮುಂದೆ ನಿಂತು ಅಪ್ಪ ಅರ್ಧ ಹೊತ್ತು ತಿರುವಿನ ವಿಷಯವೇ ಮಾತಾಡಿದರು.

ವಿಲ್ಕಾಕ್ಸ್‌ಗೆ ಮುಂಗಡ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಜಾಗ. ಲೇಕ್ ಲೂಯಿಸ್‌ನಲ್ಲಿ ಪೆಟ್ರೋಲ್ ಪೂರ್ತಿ ಮಾಡಿ (ನಡುದಾರಿಯ ಸಸ್ಕಾಚೆವನ್ ಕ್ರಾಸಿಂಗ್ ಬಂಕಿನ ದರ ನೋಡಿದರೆ ಹೊಟ್ಟೆ ಉರಿಯುತ್ತೆ), ನೀರು ತುಂಬಿ, ಎರಡೂ ಟ್ಯಾಂಕ್ ಖಾಲಿ ಮಾಡಿ ಬೇಗ ಹೊರಟು ಹನ್ನೊಂದಕ್ಕೆ ಮುಂಚೆ ಮುಟ್ಟಿದೆವು. ಹಳೇ ಶತ್ರು ಜೊತೆ ಈ ಸಲ ತಯಾರಾಗಿದ್ದೆ. ಥರ್ಮೋಸ್ಟಾಟ್ 13 ಡಿಗ್ರಿಗೆ. ಊರಿಂದ ತಂದ ಎರಡು ಕಂಬಳಿ, ತಲೆಗೊಂದು ಬಿಸಿನೀರಿನ ಚೀಲ. ಫ್ರಿಜ್ ಗ್ಯಾಸ್ ಮೇಲೆ. ರಾತ್ರಿ ಯಾರೂ ಫೋನ್ ಚಾರ್ಜಿಗೆ ಹಾಕುವಂತಿಲ್ಲ. ಸಂಜೆ ಜನರೇಟರಿಗೆ ಅನುಮತಿ ಇರುವ ಹೊತ್ತಲ್ಲಿ ಒಂದು ಗಂಟೆ. ಬೆಳಿಗ್ಗೆ ಏಳಕ್ಕೆ ಹೊರಗೆ ಸೊನ್ನೆಯ ಆಸುಪಾಸು, ಬ್ಯಾಟರಿ 12.2 ವೋಲ್ಟ್. ಹೆಂಡತಿಯನ್ನು ಎಬ್ಬಿಸಿ ಮೀಟರ್ ತೋರಿಸಿದೆ. ಅವಳು ಬೈದು ಮಲಗಿದಳು.

ಅಥಬಾಸ್ಕ ಹಿಮನದಿ ಅಲ್ಲಿಂದ ಐದೇ ನಿಮಿಷ. ನೂರಿಪ್ಪತ್ತೈದು ವರ್ಷದಲ್ಲಿ ಒಂದೂವರೆ ಕಿಲೋಮೀಟರ್ ಹಿಂದೆ ಸರಿದಿದೆ, ಎಲ್ಲೆಲ್ಲಿ ಇತ್ತು ಅನ್ನೋದಕ್ಕೆ ದಾರಿಯುದ್ದಕ್ಕೂ ಇಸವಿಯ ಫಲಕ ನೆಟ್ಟಿದ್ದಾರೆ. ಅಮ್ಮ ತಾನು ಹುಟ್ಟಿದ ಇಸವಿಯ ಹತ್ತಿರದ ಫಲಕ ಹುಡುಕಿ ಅಲ್ಲೇ ಕೂತುಬಿಟ್ಟಳು. ಮಾರನೇ ದಿನ ಜಾಸ್ಪರ್ ಊರಿಗೆ ಹೋಗಿ ಬಂದೆವು. ಸುಟ್ಟ ಮರಗಳ ಬುಡದಲ್ಲಿ ಹಸಿರು ಚಿಗುರಿತ್ತು. ಗಾಡಿಯೊಳಗೆ ಯಾರೂ ಮಾತಾಡಲಿಲ್ಲ.

ದೋಸೆ ಪ್ರಯೋಗ ಹೇಳದಿದ್ದರೆ ಅಮ್ಮ ಬಿಡಲ್ಲ. ಉದ್ದಿನ ಹಿಟ್ಟು ಆ ಚಳಿಗೆ ಎರಡು ದಿನವಾದರೂ ಹುಳಿ ಬರಲಿಲ್ಲ. ನಾನು ಬುದ್ಧಿ ಓಡಿಸಿ ಪಾತ್ರೆಯನ್ನು ಫರ್ನೇಸಿನ ಬಿಸಿಗಾಳಿ ಬರುವ ಜಾಲರಿ ಪಕ್ಕ ಇಟ್ಟೆ. ರಾತ್ರಿಗೆ ಚೆನ್ನಾಗಿ ಉಬ್ಬಿತು. ಬೆಳಿಗ್ಗೆ ಮರೆತು ಗಾಡಿ ಹೊರಡಿಸಿದೆ. ಮೊದಲ ಉಬ್ಬಿಗೇ ಅರ್ಧ ಹಿಟ್ಟು ನೆಲಕ್ಕೆ. ಆಮೇಲೆ ಅಮ್ಮ ನೀರುದೋಸೆಗೆ ಇಳಿದಳು, ಅದಕ್ಕೆ ಹುಳಿ ಬರುವ ರಗಳೆ ಇಲ್ಲ. ಕರೆಂಟಿರುವ ಕ್ಯಾಂಪಿನಲ್ಲೇ ಅಕ್ಕಿ ರುಬ್ಬಿಟ್ಟುಕೊಳ್ಳಿ. ಮಿಕ್ಸಿ, ಮೈಕ್ರೋವೇವ್ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತೆ. ವಿಲ್ಕಾಕ್ಸ್ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುವುದರಿಂದ ಬೇಳೆಗೆ ಕುಕ್ಕರ್ ಇಲ್ಲದೆ ಆಗಲ್ಲ.

ಲೆಕ್ಕ, ನೆನಪಿದ್ದಷ್ಟು: ಬಾಡಿಗೆ ರಾತ್ರಿಗೆ 175 ಡಾಲರ್ (2023ರ ಜುಲೈನಲ್ಲಿ 340 ಕೊಟ್ಟಿದ್ದೆ). ಕಿಲೋಮೀಟರಿಗೆ 40 ಸೆಂಟ್ ಬೇರೆ. ಗಾಡಿ ನೂರು ಕಿಲೋಮೀಟರಿಗೆ 27 ಲೀಟರ್ ಕುಡಿಯಿತು, ಪೆಟ್ರೋಲಿಗೇ 425ರ ಸುತ್ತ. ಕ್ಯಾಂಪುಗಳಿಗೆಲ್ಲ ಸೇರಿ 400. ವಿಮೆ, ತೆರಿಗೆ, ಪಾರ್ಕಿನ ವಾರ್ಷಿಕ ಪಾಸು ಎಲ್ಲಾ ಹಾಕಿ 3,400. ನಮ್ಮ ರೂಪಾಯಲ್ಲಿ ಎರಡು ಲಕ್ಷದ ಮೇಲೆ ಸ್ವಲ್ಪ. ವಿಮಾನ, ದಿನಸಿ ಬಿಟ್ಟು. ಹಾಸಿಗೆ ಪಾತ್ರೆ ಸೆಟ್ಟಿಗೆ ತಲೆಗೆ 75 ಕೇಳಿದರು, ಬೇಡ ಅಂದು ಮನೆಯದ್ದೇ ಎರಡು ಸೂಟ್‌ಕೇಸಿನಲ್ಲಿ ತಂದೆವು. ಮಗುವಿನ ಸೀಟೂ ನಮ್ಮದೇ. ಆದರೆ ಊಟದ ಮೇಜಿನ ಎರಡು ಬೆಂಚಲ್ಲಿ ಮುಂದಕ್ಕೆ ಮುಖ ಇರುವುದಕ್ಕೆ ಮಾತ್ರ ಅದು ಕೂರುತ್ತೆ, ಗಾಡಿ ಆರಿಸುವಾಗಲೇ ಕೇಳಿ.

ಅದೇ ಒಂಬತ್ತು ರಾತ್ರಿಗೆ ಎರಡು ರೂಮು ಮತ್ತು ಕಾರು ಅಂತ ಗೆಳೆಯನೊಬ್ಬ ನನಗೆ ತೋರಿಸಿದ್ದ ಲೆಕ್ಕ 6,000 ದಾಟಿತ್ತು. ಅವನೀಗ ನನ್ನ ಎಕ್ಸೆಲ್ ಶೀಟ್ ಕೇಳುತ್ತಿದ್ದಾನೆ.

ಗಾಡಿ ವಾಪಸ್ ಕೊಟ್ಟಾಗ ಟ್ಯಾಂಕ್, ಟೈರು, ಗಾಜು ಎಲ್ಲಾ ಸರಿ ಅಂತ ಬರೆದುಕೊಂಡರು. ಠೇವಣಿಯಲ್ಲಿ 40 ಡಾಲರ್ ಮಾತ್ರ ಹಿಡಿದರು. ಫರ್ನೇಸಿನ ಜಾಲರಿಯೊಳಗೆ ಬಿಳೀದೇನೋ ಒಣಗಿ ಅಂಟಿಕೊಂಡಿದೆಯಂತೆ.